ಮಗಳಿಗೊಂದು ಪತ್ರ: ಆಸ್ಟನ್ನಿನ ನಾಲ್ವರು ಹುಡುಗರು

ತಿಪಟೂರು
ಗುರುವಾರ ರಾತ್ರಿ

ಪ್ರೀತಿಯ ಮಗಳೇ,

ನಿನಗೆ ಅಪ್ಪನ ಆಶೀರ್ವಾದಗಳು. ನಾನೂ ಅಮ್ಮನೂ ಆರೋಗ್ಯವಾಗಿದ್ದೇವೆ.

ಭಾನುವಾರ ಫೋನಿನಲ್ಲಿ ನೀನು ಹೇಳಿದ ವಿಷಯ ಈ ನಾಲ್ಕು ದಿನವೂ ನನ್ನ ಮನಸ್ಸಿನಲ್ಲೇ ಇದೆ. ನಿಮ್ಮ ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಹುಡುಗನನ್ನು ದೊಡ್ಡ ಬ್ಯಾಂಡಿನವರು ಕರೆದುಕೊಂಡರೆಂದೂ, ಉಳಿದ ಮೂವರು ಮುಂದುವರಿಸಬೇಕೋ ನಿಲ್ಲಿಸಬೇಕೋ ತಿಳಿಯದೆ ಕುಳಿತಿದ್ದೀರೆಂದೂ ಹೇಳಿದೆ. ನಾನು "ಹೋಗಲಿ ಬಿಡು, ಓದಿನ ಕಡೆ ಗಮನ ಕೊಡು" ಎಂದೆ, ನೀನು ಸುಮ್ಮನಾದೆ. ಆ ಮಾತು ನಾನು ಹೇಳಬೇಕೆಂದುಕೊಂಡಿದ್ದ ಮಾತಾಗಿರಲಿಲ್ಲ. ಹೇಳಬೇಕಾಗಿದ್ದುದು ದೊಡ್ಡದು, ಫೋನಿನಲ್ಲಿ ಮುಗಿಯುವಂಥದ್ದಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನೀನು ಪಿಯುಸಿಯಲ್ಲಿದ್ದಾಗ ಮಹಡಿಯ ಕೋಣೆಯಲ್ಲಿ ಬ್ಲ್ಯಾಕ್ ಸಬ್ಬತ್ ಎಂಬ ಇಂಗ್ಲಿಷ್ ಬ್ಯಾಂಡಿನ ಹಾಡುಗಳನ್ನು ಹಾಕಿಕೊಂಡು ಕೂತಿದ್ದೆ. ಇಡೀ ದಿನ ಕಾರ್ಖಾನೆಯಲ್ಲಿ ಕೇಳುವ ಸದ್ದನ್ನು ಮನೆಯಲ್ಲೂ ಕೇಳಬೇಕೇ ಎಂದು ನಾನು ರೇಗಿದೆ. "ಅಪ್ಪಾ, ಇದು ಕಾರ್ಖಾನೆಯಿಂದಲೇ ಹುಟ್ಟಿದ ಸಂಗೀತ" ಎಂದು ನೀನು ಉತ್ತರ ಕೊಟ್ಟೆ. ಅದನ್ನು ನಾನು ಎದುರುಮಾತೆಂದು ತಿಳಿದೆ. 2025ರ ಜುಲೈ 22ರಂದು ಆ ಬ್ಯಾಂಡಿನ ಹಾಡುಗಾರ ಆಜಿ ಆಸ್ಬರ್ನ್ ತೀರಿಕೊಂಡ ಸುದ್ದಿ ಪತ್ರಿಕೆಯಲ್ಲಿ ಬಂದಾಗ, ನಿನ್ನ ಕೋಣೆಯ ಗೋಡೆಯ ಮೇಲಿದ್ದ ಮುಖ ಇದೇ ಎಂದು ಗುರುತು ಹತ್ತಿ, ಪೂರ್ತಿ ಓದಿದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದುತ್ತಾ, ಕೇಳುತ್ತಾ ಬಂದೆ. ನೀನು ಹೇಳಿದ್ದು ಅಕ್ಷರಶಃ ನಿಜ, ಮಗಳೇ. ಬ್ಲ್ಯಾಕ್ ಸಬ್ಬತ್ ಬ್ಯಾಂಡು ಹುಟ್ಟಿದ ಬಗೆಯನ್ನು ನಿನಗಿಂತ ಚೆನ್ನಾಗಿ ನಾನು ಬಲ್ಲೆನೆಂದು ಹೇಳುವುದಿಲ್ಲ. ಆದರೆ ಇಪ್ಪತ್ತೆರಡು ವರ್ಷ ಪೀಣ್ಯದಲ್ಲಿ ತಗಡು ಒತ್ತುವ ಪವರ್ ಪ್ರೆಸ್ಸಿನ ಮುಂದೆ ನಿಂತವನಿಗೆ ಆ ಕಥೆಯಲ್ಲಿ ಕಾಣುವ ಒಂದೆರಡು ಸಂಗತಿಗಳು ನಿನಗೆ ಕಂಡಿರಲಾರವು.

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಬಡಾವಣೆಯಲ್ಲಿ ಆಜಿ, ಟೋನಿ ಅಯೋಮಿ, ಗೀಜರ್ ಬಟ್ಲರ್, ಬಿಲ್ ವಾರ್ಡ್ ಈ ನಾಲ್ವರೂ ಬೆಳೆದರು. ಯುದ್ಧದಲ್ಲಿ ಜರ್ಮನಿಯ ಬಾಂಬುಗಳು ಬಿದ್ದ ಊರು ಅದು, ಇವರು ಮಕ್ಕಳಾಗಿದ್ದಾಗಲೂ ಕುಸಿದ ಮನೆಗಳ ಪಾಳುಜಾಗಗಳು ಹಾಗೆಯೇ ಉಳಿದಿದ್ದವು. ಶಾಲೆ ಬಿಟ್ಟ ಹುಡುಗರಿಗೆ ಕಾರ್ಖಾನೆಯೇ ಗತಿ. ಆಜಿಯ ತಂದೆ ರಾತ್ರಿ ಪಾಳಿಯ ಟೂಲ್‌ಮೇಕರ್. ಆಜಿಯೇ ಕಸಾಯಿಖಾನೆಯಲ್ಲಿ ದುಡಿದ, ಕಾರಿನ ಹಾರನ್ನುಗಳನ್ನು ಒಂದೊಂದಾಗಿ ಶ್ರುತಿ ಮಾಡುವ ಕೆಲಸವನ್ನೂ ಮಾಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದು ಆರು ವಾರ ಜೈಲಿನಲ್ಲಿಯೂ ಇದ್ದ. ಗೀಜರ್ ಬಟ್ಲರ್ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದವನು.

ಗಿಟಾರ್ ನುಡಿಸುವ ಟೋನಿ ಅಯೋಮಿಯ ವಿಷಯಕ್ಕೆ ಬರುತ್ತೇನೆ. ಅವರೀಗ ಎಪ್ಪತ್ತು ದಾಟಿದ ಹಿರಿಯರು, ಆದರೆ ನಾನು ಹೇಳುತ್ತಿರುವುದು 17 ವರ್ಷದ ಹುಡುಗನ ಮಾತಾದ್ದರಿಂದ ಅವನು ಎಂದೇ ಬರೆಯುತ್ತೇನೆ. ಅವನು ತಗಡಿನ ಕಾರ್ಖಾನೆಯೊಂದರಲ್ಲಿ ವೆಲ್ಡಿಂಗ್ ಮಾಡುತ್ತಿದ್ದ. 1965ರಲ್ಲಿ ಜರ್ಮನಿಗೆ ಹೋಗಲಿದ್ದ ಬ್ಯಾಂಡೊಂದರಲ್ಲಿ ಜಾಗ ಸಿಕ್ಕಿದ್ದರಿಂದ ಕೆಲಸ ಬಿಟ್ಟಿದ್ದ, ಅಂದು ಅವನ ಕೊನೆಯ ದಿನ. ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಇವನಿಗೆ ಕೊಡಬೇಕಾಗಿದ್ದ ಕೆಲಸಗಾರರು ಆ ದಿನ ಬಂದಿರಲಿಲ್ಲವಾದ್ದರಿಂದ ಇವನನ್ನೇ ಪ್ರೆಸ್ಸಿಗೆ ನಿಲ್ಲಿಸಿದರು. ಆ ಮಷೀನನ್ನು ಅವನು ಅದಕ್ಕೆ ಮೊದಲು ನಡೆಸಿರಲೇ ಇಲ್ಲ. ಮಷೀನು ಬಲಗೈಯ ಮೇಲೆ ಇಳಿಯಿತು, ಅವನು ಗಾಬರಿಯಿಂದ ಕೈ ಎಳೆದುಕೊಂಡ, ನಡುಬೆರಳು ಮತ್ತು ಉಂಗುರ ಬೆರಳಿನ ತುದಿಗಳು ಕಿತ್ತುಹೋದವು. ಅವನು ಎಡಚ. ಎಂದರೆ ತಂತಿಯನ್ನು ಒತ್ತಿಹಿಡಿಯಬೇಕಾದ ಕೈಯೇ ಅದು.

ಇದನ್ನು ಓದಿದಾಗ ನಾನು ಪತ್ರಿಕೆಯನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಹೊರಗೆ ಹೋಗಿ ನಿಂತೆ. ನಾನು ಮೊದಲು ಕೆಲಸಕ್ಕಿದ್ದ ಕಡೆ ಪ್ರೆಸ್ಸಿಗೆ ಎರಡು ಬಟನ್ ಇದ್ದವು. ಎರಡೂ ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ, ಅಂದರೆ ರ‍್ಯಾಮ್, ಇಳಿಯಬೇಕು, ಆಗ ಕೈ ಕೆಳಗಿನ ಅಚ್ಚಿನ (ಡೈ) ಒಳಗೆ ಇರಲು ಸಾಧ್ಯವೇ ಇಲ್ಲ. ಲೆಕ್ಕಕ್ಕಿಂತ ನೂರು ಪೀಸು ಹೆಚ್ಚು ಬೀಳಲೆಂದು ಒಂದು ಬಟನ್ನನ್ನು ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ಕಟ್ಟಿಬಿಟ್ಟಿದ್ದರು. ನನ್ನ ಪಕ್ಕದ ಮಷೀನಿನವನ ತೋರುಬೆರಳು ಹೋದ ದಿನ ನಾನು ಕಾಟನ್ ವೇಸ್ಟಿನಿಂದ ಅವನ ಕೈಯನ್ನು ಒತ್ತಿಹಿಡಿದುಕೊಂಡೇ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆ. ದಾರಿಯುದ್ದಕ್ಕೂ ಅವನು ನೋವಿನ ಮಾತು ಆಡಲಿಲ್ಲ, ಮನೆಯಲ್ಲಿ ಏನೆಂದು ಹೇಳಲಿ ಎಂದು ಮಾತ್ರ ಕೇಳುತ್ತಿದ್ದ. ಇದನ್ನು ನಾನು ನಿನಗೂ ಅಮ್ಮನಿಗೂ ಇದುವರೆಗೆ ಹೇಳಿರಲಿಲ್ಲ.

ಟೋನಿಯ ಕಥೆಯಲ್ಲಿ ನನ್ನನ್ನು ಹೆಚ್ಚು ಕಲಕಿದ್ದು ಇನ್ನೊಂದು ಸಂಗತಿ. ಆ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಕೆಲಸಕ್ಕೆ ಹೋಗುವುದಿಲ್ಲವೆಂದು ಹೇಳಿದನಂತೆ. ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬರಬೇಕೆಂದು ತಾಯಿಯೇ ಅವನನ್ನು ವಾಪಸು ಕಳಿಸಿದರು. ಆ ತಾಯಿ ಹೇಳಿದ್ದರಲ್ಲಿ ತಪ್ಪೇನಿದೆ? ನಾನೂ ನಿನಗೆ ಅದನ್ನೇ ಹೇಳುತ್ತಿದ್ದೆ. ಮಕ್ಕಳಿಗೆ ಸರಿಯಾದ ಮಾತನ್ನೇ ಹೇಳಿ ಅದರ ಫಲವನ್ನು ಆಸ್ಪತ್ರೆಯಲ್ಲಿ ನೋಡಬೇಕಾಗಿ ಬಂದ ಆ ತಾಯಿಯ ಸಂಜೆಯನ್ನು ನೆನೆದರೆ ನನಗೆ ಇಂದಿಗೂ ಗಂಟಲು ಕಟ್ಟುತ್ತದೆ.

ವೈದ್ಯರು ಇನ್ನು ಗಿಟಾರ್ ಮರೆತುಬಿಡು ಎಂದರು. ಆಗ ಅವನ ಕಾರ್ಖಾನೆಯ ಫೋರ್‌ಮನ್ ಒಂದು ಗ್ರಾಮಫೋನ್ ತಟ್ಟೆ ಹಿಡಿದುಕೊಂಡು ಮನೆಗೆ ಬಂದರು. ಅದು ಜಾಂಗೋ ರೈನ್‌ಹಾರ್ಟ್ ಎಂಬ ಜಿಪ್ಸಿ ಕಲಾವಿದನ ಗಿಟಾರ್ ವಾದನ. ಬೇಡವೆಂದವನನ್ನು ಒತ್ತಾಯಮಾಡಿ ಕೇಳಿಸಿದ ಮೇಲೆ, ಬೆಂಕಿ ಅನಾಹುತದಲ್ಲಿ ಕೈ ಸುಟ್ಟುಕೊಂಡ ಈ ಮನುಷ್ಯ ಎರಡೇ ಬೆರಳುಗಳಿಂದ ಇಷ್ಟನ್ನೂ ನುಡಿಸುತ್ತಾನೆಂದು ಹೇಳಿದರು. ನನ್ನ ಲೆಕ್ಕದಲ್ಲಿ ಹೆವಿ ಮೆಟಲ್ ಎಂದು ಕರೆಯುವ ಈ ಬಗೆಯ ಸಂಗೀತಕ್ಕೆ ಆ ಫೋರ್‌ಮನ್ ಮಾಡಿದ ಉಪಕಾರ ಸಣ್ಣದಲ್ಲ.

ಆಮೇಲೆ ಟೋನಿ ಮಾಡಿದ್ದು ಅಪ್ಪಟ ಕೆಲಸಗಾರನ ಕೆಲಸ. ಪಾತ್ರೆ ತೊಳೆಯುವ ಸೋಪಿನ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಉಂಡೆ ಮಾಡಿದ, ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಬೆರಳು ಹೋಗುವಷ್ಟು ತೂತು ಕೊರೆದ, ಬೆರಳಿಗೆ ಸರಿಯಾಗಿ ಕೂರುವವರೆಗೂ ಗಂಟೆಗಟ್ಟಲೆ ಮರಳು ಕಾಗದದಿಂದ ಉಜ್ಜಿದ. ಪ್ಲಾಸ್ಟಿಕ್ಕು ತಂತಿಯ ಮೇಲೆ ಜಾರುತ್ತದೆಂದು ಹಳೆಯ ಚರ್ಮದ ಜಾಕೆಟ್ಟಿನಿಂದ ತುಂಡು ಕತ್ತರಿಸಿ ಅಂಟಿಸಿದ. ತಂತಿ ಬಿಗಿಯಾಗಿದ್ದರೆ ನೋಯುತ್ತಿತ್ತು. ತೆಳುವಾದ ಗಿಟಾರ್ ತಂತಿ ಆಗ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ, ಬ್ಯಾಂಜೋ ತಂತಿಗಳನ್ನು ತಂದು ಹಾಕಿಕೊಂಡ. ಬೆರಳ ತುದಿಗೆ ಸ್ಪರ್ಶವಿಲ್ಲದ್ದರಿಂದ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿ ನುಡಿಸುವ ತುಂಬುಕಾರ್ಡುಗಳನ್ನು (ಸ್ವರಗುಚ್ಛಗಳನ್ನು) ಬಿಟ್ಟು ಎರಡು ಮೂರು ತಂತಿಗಳಲ್ಲೇ ನಿಲ್ಲುವ ದಪ್ಪ ನಾದವನ್ನು ಹುಡುಕಿಕೊಂಡ. ನೀನು ದಿನವೂ ನುಡಿಸುವ ಆ ಶೈಲಿಯ ಬಹುಭಾಗ ಹುಟ್ಟಿದ್ದು ಹೀಗೆ.

1968ರಲ್ಲಿ ಟೋನಿಯೂ ಡ್ರಮ್ಸ್ ಬಾರಿಸುತ್ತಿದ್ದ ಬಿಲ್ ವಾರ್ಡೂ ಇದ್ದ ಬ್ಯಾಂಡು ಮುರಿದುಬಿತ್ತು. ಹಾಡುಗಾರನನ್ನು ಹುಡುಕುತ್ತಿದ್ದ ಇಬ್ಬರಿಗೂ ಸಂಗೀತದ ಅಂಗಡಿಯೊಂದರಲ್ಲಿ ಚೀಟಿ ಕಂಡಿತು. ಆಜಿ ಎಂಬವನಿಗೆ ಬ್ಯಾಂಡು ಬೇಕಾಗಿದೆ, ಸ್ವಂತ ಧ್ವನಿವರ್ಧಕ ಇದೆ ಎಂಬುದು ಅದರ ಒಕ್ಕಣೆ. ಬಾಗಿಲು ತೆರೆದವನನ್ನು ನೋಡಿದ ಟೋನಿ, ಇವನು ನಮ್ಮ ಶಾಲೆಯವನು, ಇವನಿಗೆ ಹಾಡಲು ಬರುವುದಿಲ್ಲ, ಹೋಗೋಣ ನಡಿ ಎಂದನಂತೆ. ಆದರೂ ಕೊನೆಗೆ ಆಜಿ, ಅವನ ಜೊತೆಗಾರ ಗೀಜರ್ ಮತ್ತು ಇವರಿಬ್ಬರೂ ಸೇರಿದರು. ಗೀಜರ್ ಅಲ್ಲಿಯವರೆಗೆ ಗಿಟಾರ್ ನುಡಿಸುತ್ತಿದ್ದವನು, ಬ್ಯಾಂಡಿಗೆ ಬೇಕೆಂದು ನಿನ್ನ ವಾದ್ಯವಾದ, ತಗ್ಗಿನ ಸ್ವರಗಳ ಬೇಸ್ ಗಿಟಾರಿಗೆ ಬಂದ. ಇನ್ನಿಬ್ಬರನ್ನೂ ಸೇರಿಸಿಕೊಂಡು ಮೊದಲು ಆರು ಜನರಿದ್ದರು, ಕೆಲವೇ ದಿನಗಳಲ್ಲಿ ನಾಲ್ವರಾಗಿ 'ಅರ್ಥ್' ಎಂದು ಹೆಸರಿಟ್ಟುಕೊಂಡರು. ಆ ಧ್ವನಿವರ್ಧಕವನ್ನು ಕೊಡಿಸಿದ್ದು ಆಜಿಯ ತಂದೆ, ಸಾಲ ಮಾಡಿ, 250 ಪೌಂಡಿಗೆ. ಜೈಲಿಗೆ ಹೋಗಿಬಂದಿದ್ದ ಮಗನಿಗೆ, ರಾತ್ರಿ ಪಾಳಿಯ ಸಂಬಳದಲ್ಲಿ ಮನೆ ನಡೆಸುತ್ತಿದ್ದವರು ಅಷ್ಟು ಹಣ ಸುರಿದದ್ದನ್ನು ಓದಿ ನಾನು ಬಹಳ ಹೊತ್ತು ಯೋಚಿಸಿದೆ.

ಈಗ ನಿನ್ನ ವಿಷಯ. 1968ರ ಡಿಸೆಂಬರಿನಲ್ಲಿ, ಬ್ಯಾಂಡಿಗೆ ವರ್ಷವೂ ತುಂಬುವ ಮುಂಚೆ, ಟೋನಿಯನ್ನು ಜೆಥ್ರೋ ಟಲ್ ಎಂಬ ಹೆಸರಾಂತ ಬ್ಯಾಂಡಿನವರು ಕರೆದರು. ಅವನು ಹೋದ. ರೋಲಿಂಗ್ ಸ್ಟೋನ್ಸ್ ತಂಡದವರು ಏರ್ಪಡಿಸಿದ್ದ ಚಿತ್ರೀಕರಣವೊಂದರಲ್ಲಿ ಅವರ ಜೊತೆ ಕಾಣಿಸಿಕೊಂಡೂ ಬಂದ. ಆಸ್ಟನ್ನಿನಲ್ಲಿ ಉಳಿದ ಮೂವರು ನಿಮ್ಮ ಮೂವರ ಹಾಗೆಯೇ ಕುಳಿತಿದ್ದಿರಬೇಕು. ಕೆಲವೇ ವಾರಗಳಲ್ಲಿ ಅವನು ಹಿಂತಿರುಗಿದ. ಅಲ್ಲಿ ಒಬ್ಬ ಯಜಮಾನ, ಉಳಿದವರು ನೌಕರರು ಎಂಬ ಭಾವ ಅವನಿಗೆ ಹಿಡಿಸಲಿಲ್ಲ. ಆದರೆ ಅವರು ಬೆಳಿಗ್ಗೆ ಒಂಬತ್ತಕ್ಕೆ ಪಾಳಿಗೆ ಬಂದಂತೆ ಬಂದು ಅಭ್ಯಾಸ ಮಾಡುವುದನ್ನು ನೋಡಿಬಂದಿದ್ದ. ಇನ್ನು ಮೇಲೆ ನಾವೂ ಹಾಗೆಯೇ ಎಂದು ಮೂವರಿಗೂ ಹೇಳಿದ. ನಿಮ್ಮ ಹುಡುಗ ಹಿಂತಿರುಗುತ್ತಾನೆಂದು ನಾನು ಹೇಳುತ್ತಿಲ್ಲ, ಹೋಗಿದ್ದಕ್ಕೆ ಅವನನ್ನು ದೂರುವುದೂ ಬೇಡ. ಆದರೆ ವಾರಕ್ಕೊಂದು ಸಂಜೆ ಜ್ಯಾಮ್ ರೂಮಿನಲ್ಲಿ ಎರಡು ಗಂಟೆ ನುಡಿಸುವುದಕ್ಕೂ ದಿನವೂ ಹೊತ್ತಿಗೆ ಸರಿಯಾಗಿ ಹಾಜರಾಗುವುದಕ್ಕೂ ಇರುವ ವ್ಯತ್ಯಾಸ, ಪಾಳಿ ಮಾಡಿದ ನನಗೆ ಚೆನ್ನಾಗಿ ಗೊತ್ತು.

ಹಾಗೆ ಒಂಬತ್ತಕ್ಕೆ ಕೂಡತೊಡಗಿದ ಮೇಲೆಯೇ ಅವರದೇ ಆದ ನಾದ ಹೊರಟಿತು. ಅಭ್ಯಾಸದ ಜಾಗದ ಎದುರಿನ ಚಿತ್ರಮಂದಿರದಲ್ಲಿ ಭಯಾನಕ ಚಿತ್ರವೊಂದು ಓಡುತ್ತಿತ್ತು. ಹೆದರಿಕೊಳ್ಳಲು ಜನ ದುಡ್ಡು ಕೊಟ್ಟು ಹೋಗುತ್ತಾರಾದರೆ ಹೆದರಿಸುವ ಸಂಗೀತವನ್ನೇಕೆ ಮಾಡಬಾರದು ಎಂಬ ಮಾತು ಅಲ್ಲಿಂದ ಎದ್ದಿತು. ಗೀಜರ್ ಆ ದಿನಗಳಲ್ಲಿ ಹೋಲ್ಸ್ಟ್ ಎಂಬ ಆಂಗ್ಲ ವಾಗ್ಗೇಯಕಾರನ ಮಂಗಳ ಗ್ರಹದ ಕೃತಿಯನ್ನು ಬೇಸಿನಲ್ಲಿ ನುಡಿಸುತ್ತಿದ್ದ, ಟೋನಿ ಅದರ ಜಾಡಿನಲ್ಲಿ ಮೂರು ಸ್ವರಗಳ ಒಂದು ಎಳೆ ಹಿಡಿದ. ಅದನ್ನು ನಿನ್ನ ಅಮ್ಮನಿಗೆ ಕೇಳಿಸಿದೆ. ಎರಡನೆಯ ಸಲಕ್ಕೇ ಅವಳು "ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ನಡುವಿನ ಪ್ರತಿಮಧ್ಯಮ" ಎಂದಳು. ಯುರೋಪಿನ ಹಳೆಯ ಶಾಸ್ತ್ರದಲ್ಲಿ ಆ ಅಂತರವನ್ನು ಸೈತಾನನ ಸ್ವರವೆಂದು ಕರೆದದ್ದುಂಟು. ನಮ್ಮ ಕರ್ನಾಟಕ ಸಂಗೀತದ 72 ಮೇಳರಾಗಗಳಲ್ಲಿ ಸರಿಯಾಗಿ ಅರ್ಧ, 36, ಪ್ರತಿಮಧ್ಯಮದವು. ಅಮ್ಮ ಸಂಜೆ ದೀಪ ಹಚ್ಚಿ ಹಾಡುವ ಕಲ್ಯಾಣಿಯೂ ಅವುಗಳಲ್ಲೊಂದು. ಅದೇ ಸ್ವರ ಅಲ್ಲಿ ಪಂಚಮಕ್ಕೆ ಸೇರಿ ಶಾಂತವಾಗುತ್ತದೆ, ಇವರು ಅದನ್ನು ಎಲ್ಲಿಗೂ ಸೇರಲು ಬಿಡದೆ ಅಲ್ಲಿಯೇ ನಡುಗಿಸುತ್ತಾರೆ. ಅಮ್ಮ ಕಣ್ಣುಮುಚ್ಚಿ ಪೂರ್ತಿ ಕೇಳಿದಳು ಎಂಬುದನ್ನು ನಿನಗೆ ತಿಳಿಸಲೇಬೇಕು. ಆ ಹಾಡಿನ ಹೆಸರೇ ಬ್ಲ್ಯಾಕ್ ಸಬ್ಬತ್. ಅರ್ಥ್ ಎಂಬ ಹೆಸರಿನ ಇನ್ನೊಂದು ಬ್ಯಾಂಡು ಇದ್ದು ಗೊಂದಲವಾಗುತ್ತಿದ್ದುದರಿಂದ 1969ರ ಆಗಸ್ಟಿನಲ್ಲಿ ಅದೇ ಬ್ಯಾಂಡಿನ ಹೆಸರೂ ಆಯಿತು.

ಹ್ಯಾಂಬರ್ಗಿನ ಸ್ಟಾರ್ ಕ್ಲಬ್ಬಿನಲ್ಲಿ ಅವರು ದಿನಕ್ಕೆ ಹಲವು ಸರದಿ ನುಡಿಸಬೇಕಿತ್ತು. ಅಷ್ಟು ಹಾಡುಗಳು ಕೈಯಲ್ಲಿರಲಿಲ್ಲವಾದ್ದರಿಂದ ಒಂದೊಂದನ್ನೂ ಎಳೆದು, ಬೆಳೆಸಿ, ಹೊತ್ತು ತುಂಬಿಸಿದರು, ಕೈ ಪಳಗಿದ್ದು ಅಲ್ಲಿ. 1969ರ ಅಕ್ಟೋಬರ್ 16ರಂದು ಲಂಡನ್ನಿನ ರೀಜೆಂಟ್ ಸೌಂಡ್ ಸ್ಟುಡಿಯೋದಲ್ಲಿ, ಸುಮಾರು 600 ಪೌಂಡು ಖರ್ಚಿನಲ್ಲಿ, ರಾಜರ್ ಬೇನ್ ನಿರ್ಮಾಪಕರಾಗಿ, ವೇದಿಕೆಯ ಮೇಲೆ ನುಡಿಸುವ ಹಾಗೆಯೇ ಒಂದೇ ದಿನದಲ್ಲಿ ಮೊದಲ ಆಲ್ಬಮ್ ನುಡಿಸಿ ಮುಗಿಸಿದರು. ಮೊದಲ ಹಾಡು ಮುಗಿಯುವಷ್ಟರಲ್ಲಿ ಟೋನಿಯ ಗಿಟಾರಿನಲ್ಲಿ ತಂತಿಯ ನಾದವನ್ನು ಹಿಡಿಯುವ ಪಿಕಪ್ ಕೆಟ್ಟಿತು, ಜೊತೆಗಿದ್ದ ಗಿಬ್ಸನ್ ಎಸ್‌ಜಿ ಎಂಬ ಇನ್ನೊಂದು ಗಿಟಾರನ್ನು ಕೈಗೆತ್ತಿಕೊಂಡು ಉಳಿದದ್ದನ್ನು ಮುಗಿಸಿದ. ಆಲ್ಬಮ್ 1970ರ ಫೆಬ್ರವರಿ 13ರ ಶುಕ್ರವಾರ ಹೊರಬಂದಿತು. ವಿಮರ್ಶಕರು ಹೀಗಳೆದರು, ಜನ ಕೊಂಡರು, ಬ್ರಿಟನ್ನಿನ ಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೆ ಹೋಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಬಂದ ಎರಡನೆಯದಾದ 'ಪ್ಯಾರನಾಯ್ಡ್' ಮೊದಲ ಸ್ಥಾನಕ್ಕೇರಿತು. ಆಲ್ಬಮ್ ಅಳತೆಗೆ ಚಿಕ್ಕದಾಯಿತೆಂದು ಕೊನೆಯಲ್ಲಿ ಅವಸರವಾಗಿ ಕಟ್ಟಿದ ಹಾಡೇ ಅದಕ್ಕೆ ಹೆಸರು ಕೊಟ್ಟಿತು. ಅದರ ಮೊದಲ ಹಾಡು ವಿಯೆಟ್ನಾಂ ಯುದ್ಧದ ಕಾಲದಲ್ಲಿ, ಬಡವರ ಮಕ್ಕಳನ್ನು ಸಾಯಲು ಕಳಿಸಿ ತಾವು ಮನೆಯಲ್ಲುಳಿಯುವ ದೊಡ್ಡವರ ವಿರುದ್ಧ ಗೀಜರ್ ಬರೆದದ್ದು. ಇದೆಲ್ಲ ಸೈತಾನನ ಪೂಜೆಯೆಂದು ಹೇಳುವವರು ಅದರ ಸಾಹಿತ್ಯವನ್ನು ಕೇಳಿಲ್ಲ, ನಾನೂ ಕೇಳಿರಲಿಲ್ಲ.

1971ರ ಮೂರನೆಯ ಆಲ್ಬಮ್ಮಿಗೆ ಟೋನಿ ಗಿಟಾರಿನ ಶ್ರುತಿಯನ್ನು ಮೂರು ಅರೆಸ್ವರ ಕೆಳಗಿಳಿಸಿದ. ತಂತಿ ಸಡಿಲವಾಗಿ ಬೆರಳಿಗೆ ಆರಾಮವಾಯಿತು, ನಾದ ಇನ್ನಷ್ಟು ಕೆಳಗಿಳಿದು ದಪ್ಪವಾಯಿತು. ಮೊನ್ನೆ ನಮ್ಮ ವೆಲ್ಡಿಂಗ್ ಶಾಪಿನಲ್ಲಿ ಅದನ್ನು ಹಾಕಿ ಕೇಳಿದೆ. ನಲವತ್ತು ಟನ್ನಿನ ಪ್ರೆಸ್ಸು ನಿಧಾನವಾಗಿ ಇಳಿದಾಗ ನೆಲ ಅದುರಿ ಕಾಲಿನ ಮೂಲಕ ಎದೆಗೆ ಬರುವ ಪೆಟ್ಟು ಅದು. ಅದನ್ನು ನಾನು ಸದ್ದೆಂದು ಮಾತ್ರ ತಿಳಿದಿದ್ದೆ. ಇಪ್ಪತ್ತೆರಡು ವರ್ಷ ಮೈಯೊಳಗೆ ಇಟ್ಟುಕೊಂಡಿದ್ದನ್ನು ಯಾರೋ ಶ್ರುತಿಬದ್ಧವಾಗಿ ನನಗೆ ತಿರುಗಿ ಕೇಳಿಸಿದಂತಾಯಿತು.

ಆಜಿಯ ತಂದೆ ತಮ್ಮ ಕೆಲಸದ ಜಾಗದಲ್ಲಿ ಅಲ್ಯೂಮಿನಿಯಮ್ಮಿನಿಂದ ಶಿಲುಬೆಗಳನ್ನು ಮಾಡಿ ನಾಲ್ವರ ಕೊರಳಿಗೂ ಕೊಟ್ಟಿದ್ದರು.

ನೀನು ಕಳೆದ ವರ್ಷ ಕೇಳಿದ್ದ ಬೇಸ್ ಆಂಪ್ಲಿಫೈಯರಿಗೆ ಸೊಸೈಟಿಯಲ್ಲಿ ಸಾಲಕ್ಕೆ ಅರ್ಜಿ ಹಾಕಿದ್ದೇನೆ, ಮುಂದಿನ ತಿಂಗಳು ಮಂಜೂರಾಗುತ್ತದೆ. ಅದನ್ನು ನೆಲದ ಮೇಲೆ ಇಡಬೇಡ, ಬಾಡಿಗೆ ಮನೆಯ ನೆಲ ಮಳೆಗಾಲದಲ್ಲಿ ತೇವ ಹಿಡಿಯುತ್ತದೆ. ಒಂದಿಂಚಿನ ಸ್ಕ್ವೇರ್ ಪೈಪಿನಲ್ಲಿ ಸ್ಟ್ಯಾಂಡು ಮಾಡಲು ಶುರುಮಾಡಿದ್ದೇನೆ. ಕಾಲು ನಾಲ್ಕೂ ಆಗಿವೆ, ಅಂಚುಗಳನ್ನು ಗ್ರೈಂಡ್ ಮಾಡಿ ನುಣುಪು ಮಾಡಿದ್ದೇನೆ, ಕೈಗೆ ತರಚುವುದಿಲ್ಲ. ನೀನು ಕೊಳ್ಳಬೇಕೆಂದಿರುವ ಆಂಪ್ಲಿಫೈಯರಿನ ಅಗಲ ಮತ್ತು ಆಳ ಎಷ್ಟು ಇಂಚೆಂದು ಶನಿವಾರದೊಳಗೆ ತಿಳಿಸು. ಹಿಂದಕ್ಕೆ ಸ್ವಲ್ಪ ಓರೆಯಾಗಿ ಕೂರಬೇಕೋ ಮಟ್ಟಸವಾಗಿ ಕೂರಬೇಕೋ ಅದನ್ನೂ ಹೇಳು, ಆಮೇಲೆ ಮೇಲಿನ ಫ್ರೇಮ್ ಕೂರಿಸುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಪ್ಪ