ಸರ್ಫಿಂಗ್ ಸ್ಪರ್ಧೆಯ ಮಳಿಗೆಗಳಿಗೆ ಗಾಳಿ, ಉಬ್ಬರದ ಷರತ್ತೂ ಇರಲಿ

ಮಾನ್ಯ ಸಂಪಾದಕರೇ,

ಕಡಲತೀರದ ಸರ್ಫಿಂಗ್ ಸ್ಪರ್ಧೆಗಳಲ್ಲಿ ಪ್ರಾಯೋಜಕ ಕಂಪನಿಗಳು ಹಾಕುವ ಪ್ರಚಾರ ಮಳಿಗೆಗಳ ಬಗ್ಗೆ ತಮ್ಮ ಪತ್ರಿಕೆಯ ಮೂಲಕ ಸಂಘಟಕರ ಗಮನ ಸೆಳೆಯಬಯಸುತ್ತೇನೆ. ಇಂಥ ಮಳಿಗೆಗಳನ್ನು ಕೆಲವು ವರ್ಷ ನಾನೇ ನಿಂತು ನಡೆಸಿದವನು. ಹಾಗಾಗಿ ಇಲ್ಲಿ ಹೇಳುವ ತಪ್ಪುಗಳಲ್ಲಿ ಬಹುಪಾಲು ನಮ್ಮವೇ. ನಾನು ಸಹಿ ಹಾಕಿದ ಕರಾರುಪತ್ರಗಳಲ್ಲಿ ಲಾಂಛನದ ಅಳತೆ, ಬ್ಯಾನರಿನ ಎತ್ತರ, ಶುಲ್ಕ ಕಟ್ಟಬೇಕಾದ ದಿನ ಎಲ್ಲವೂ ಅಚ್ಚುಕಟ್ಟಾಗಿ ಇರುತ್ತಿದ್ದವು. ಗಾಳಿ, ಉಬ್ಬರ, ಸ್ಪರ್ಧೆಯ ವೇಳೆ ಇವುಗಳ ಬಗ್ಗೆ ಮಾತ್ರ ಒಂದು ಸಾಲೂ ಇರುತ್ತಿರಲಿಲ್ಲ.

ಮೊದಲನೆಯದು ವೇಳೆಯ ಮಾತು. ಕಂಪನಿಯ ಕಚೇರಿಯಿಂದ ಬರುವ ಕಾರ್ಯಕ್ರಮ ಪಟ್ಟಿಯಲ್ಲಿ ಮಳಿಗೆ ಬೆಳಿಗ್ಗೆ 10ಕ್ಕೆ ತೆರೆದು ಸಂಜೆ 6ಕ್ಕೆ ಮುಚ್ಚುತ್ತದೆ. ಕಡಲು ಆ ಪಟ್ಟಿಯನ್ನು ಓದಿರುವುದಿಲ್ಲ. ಮುಂಜಾನೆ ಗಾಳಿ ನೆಲದಿಂದ ಕಡಲಿನತ್ತ ಬೀಸುವಾಗ ಅಲೆಯ ಮೈ ನುಣುಪಾಗಿ ನಿಲ್ಲುತ್ತದೆ. ಬಿಸಿಲೇರಿ ಗಾಳಿ ದಿಕ್ಕು ಬದಲಿಸಿ ಕಡಲಿನಿಂದ ಬೀಸತೊಡಗಿದರೆ ಅದೇ ಅಲೆ ಕದಡಿಹೋಗುತ್ತದೆ. ಆದ್ದರಿಂದಲೇ ದೊಡ್ಡ ಸ್ಪರ್ಧೆಗಳಿಗೆ ಒಂದು ದಿನಾಂಕದ ಬದಲು ಕಾಯುವ ಅವಧಿ ಎಂದು ಹಲವು ದಿನಗಳನ್ನು ಇಟ್ಟುಕೊಂಡು, ಅಂದಂದಿನ ಮುಂಜಾನೆ ಕಡಲು ನೋಡಿ ಇಳಿಯುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಹವಾಯಿಯ ವೈಮಿಯಾ ಕೊಲ್ಲಿಯಲ್ಲಿ, ಅಲ್ಲಿನ ಜೀವರಕ್ಷಕರೂ ಸರ್ಫರ್ ಕೂಡ ಆಗಿದ್ದ ಎಡ್ಡೀ ಐಕೌ ನೆನಪಿನಲ್ಲಿ ನಡೆಯುವ ಸ್ಪರ್ಧೆಯಂತೂ ತಕ್ಕಷ್ಟು ದೊಡ್ಡ ಅಲೆ ಬಂದರೆ ಮಾತ್ರ ನಡೆಯುವಂಥದ್ದು. 2016ರಲ್ಲಿ ನಡೆದದ್ದು ಮತ್ತೆ ನಡೆದದ್ದು 2023ರಲ್ಲಿ. (ಆ ವರ್ಷ ಗೆದ್ದವರು ಅಂದು ಅದೇ ತೀರದಲ್ಲಿ ಕರ್ತವ್ಯದ ಮೇಲಿದ್ದ ಜೀವರಕ್ಷಕ, ಕೆಲಸದ ನಡುವೆ ಬಿಡುವು ಪಡೆದು ನೀರಿಗಿಳಿದಿದ್ದರು.) ಹೀಗಿರುವಾಗ ಬೆಳಿಗ್ಗೆ 6ಕ್ಕೆ ತೀರದ ತುಂಬ ಜನ ನಿಂತಿರುವಾಗ ನಮ್ಮ ಮಳಿಗೆ ಮುಚ್ಚಿರುತ್ತಿತ್ತು, ನಾವು ಬಾಗಿಲು ತೆಗೆಯುವ ಹೊತ್ತಿಗೆ ಅಂದಿನ ಸ್ಪರ್ಧೆ ಮುಗಿದು, ಖಾಲಿ ಮರಳಿನ ಮೇಲೆ ಅದೃಷ್ಟಚಕ್ರ ತಿರುಗಿಸುತ್ತಾ ನಿಲ್ಲುವ ಪಾಡು ನಮ್ಮದಾಗುತ್ತಿತ್ತು.

ಗಾಳಿಯ ಪಾಠವನ್ನು ನಾನು ಕಲಿತದ್ದು ಬೇರೆಯವರ ನಷ್ಟದಿಂದ. ಒಮ್ಮೆ ನಾವು 3 ಮೀಟರ್ ಅಗಲದ ನಾಲ್ಕು ಕಾಲಿನ ಚಪ್ಪರ ಹಾಕಿ, ಹಿಂಬದಿಗೆ 2 ಮೀಟರ್ ಎತ್ತರದ ಬ್ಯಾನರ್ ಬಿಗಿದು, ಕಾಲಿಗೊಂದರಂತೆ 5 ಲೀಟರಿನ ನೀರಿನ ಕ್ಯಾನ್ ಕಟ್ಟಿದ್ದೆವು. ಒಟ್ಟು ಭಾರ 20 ಕಿಲೋ. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರ್‌ಗೆ ಸುಮಾರು 6 ಕಿಲೋ ಭಾರದಷ್ಟು ಒತ್ತುತ್ತದೆ; 6 ಚದರ ಮೀಟರ್ ಬ್ಯಾನರಿನ ಮೇಲೆ ಅದು 36 ಕಿಲೋ. ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಈ ಲೆಕ್ಕ ನಾನು ಹಾಕಿದ್ದು ಮರುದಿನ. ಅಂದು ಮಧ್ಯಾಹ್ನ ಗಾಳಿ ತಿರುಗಿದಾಗ ಚಪ್ಪರ ಒಂದು ಮಗ್ಗುಲಿಗೆ ಎದ್ದು, ಕ್ಯಾನ್‌ಗಳನ್ನು ಎಳೆದುಕೊಂಡೇ ಹೋಗಿ ಸ್ಪರ್ಧಿಗಳ ಬೋರ್ಡ್ ಸಾಲಿನ ಮೇಲೆ ಬಿತ್ತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಇನ್ನು 20 ನಿಮಿಷದಲ್ಲಿ ನೀರಿಗಿಳಿಯಬೇಕಿದ್ದ ಹುಡುಗಿಯೊಬ್ಬಳ ಬೋರ್ಡಿನ ಅಡಿಯ ಫಿನ್ (ದಿಕ್ಕು ಹಿಡಿಯುವ ರೆಕ್ಕೆ) ಮುರಿದಿತ್ತು. ಆಕೆ ಮರಳಿನ ಮೇಲೆ ಮಂಡಿಯೂರಿ, ಬೋರ್ಡನ್ನು ತೊಡೆಯ ಮೇಲೆ ಮಗುಚಿಟ್ಟುಕೊಂಡು, ಬೆರಳುದ್ದದ ಕೀಲಿಯಿಂದ ಅಕ್ಕಿಕಾಳಿನಷ್ಟು ಸಣ್ಣ ಸ್ಕ್ರೂ ಬಿಚ್ಚುತ್ತಿದ್ದಳು. ಸ್ಕ್ರೂ ಎರಡು ಸಲ ಮರಳಿಗೆ ಬಿತ್ತು. ನಾನು ಪಕ್ಕದಲ್ಲಿ ನಿಂತು ಕ್ಷಮೆ ಕೇಳುತ್ತಿದ್ದೆ. ಆಕೆ ತಲೆಯೆತ್ತದೆ, ಅಂಗೈ ಒಡ್ಡಿ, ಸ್ಕ್ರೂ ಹಿಡಿದುಕೊಳ್ಳಿ ಎಂದಳು.

ಒಣ ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ ಎಂಬುದು ಡೇರೆ ಹಾಕುವ ಹುಡುಗರಿಗೆಲ್ಲ ಗೊತ್ತು. ಮರಳು ತುಂಬಿದ ಚೀಲಕ್ಕೆ ಹಗ್ಗ ಕಟ್ಟಿ, ಮೊಣಕಾಲುದ್ದ ಗುಂಡಿ ತೋಡಿ ಹೂತು, ಮೇಲೆ ಮರಳು ತುಳಿದು ಗಟ್ಟಿ ಮಾಡಿದರೆ ಅದು ಜಗ್ಗುವುದಿಲ್ಲ. ಒಂದು ಲೀಟರ್ ನೀರು ಒಂದು ಕಿಲೋ. ಅಷ್ಟೇ ಜಾಗ ಹಿಡಿಯುವ ಮರಳು ಸುಮಾರು ಒಂದೂವರೆ ಕಿಲೋ, ಅದೂ ಕಾಲಡಿಯಲ್ಲೇ ಬಿದ್ದಿರುತ್ತದೆ. ಆದರೂ ನಮಗೆ ನೀರಿನ ಕ್ಯಾನೇ ಏಕೆ ಬೇಕಾಗಿತ್ತೆಂದರೆ, ಅದರ ಮೇಲೆ ಲಾಂಛನ ಅಂಟಿಸಬಹುದಿತ್ತು.

ಜಾಗದ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಎಲ್ಲ ಕಂಪನಿಗಳಿಗೂ ನೀರಿಗೆ ಹತ್ತಿರದ ಮೊದಲ ಸಾಲೇ ಬೇಕು, ಹೆಚ್ಚು ಶುಲ್ಕ ಕೊಟ್ಟವರಿಗೆ ಅದು ಸಿಗುತ್ತದೆ. ನಕ್ಷೆ ಬರೆಯುವವರು ತೀರ ನೋಡಲು ಬರುವುದು ಸಾಮಾನ್ಯವಾಗಿ ಇಳಿತದ ಹೊತ್ತಿನಲ್ಲಿ. ಸಾಮಾನ್ಯವಾಗಿ ಉಬ್ಬರ ಸುಮಾರು 12 ಗಂಟೆ 25 ನಿಮಿಷಕ್ಕೊಮ್ಮೆ ಬರುತ್ತದೆ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಇನ್ನಷ್ಟು ಮೇಲೇರುತ್ತದೆ. ಒಣಗಿದ ಕಡಲಪಾಚಿ, ಚಿಪ್ಪು, ಕಸಕಡ್ಡಿಗಳು ಮರಳಿನ ಮೇಲೆ ಎಳೆದಿರುವ ಗೆರೆಯನ್ನು ನೋಡಿದರೆ ನೀರು ಎಲ್ಲಿಯವರೆಗೆ ಬಂದು ಹೋಗಿದೆ ಎಂಬುದು ಮಕ್ಕಳಿಗೂ ತಿಳಿಯುತ್ತದೆ. ಮಳಿಗೆ ಆ ಗೆರೆಯಿಂದ ಸಾಕಷ್ಟು ಮೇಲೆಯೇ ಇರಬೇಕು. ಮೊದಲ ಸಾಲಿನ ಎತ್ತರದ ಬ್ಯಾನರ್‌ಗಳು ತೀರ್ಪುಗಾರರ ನೋಟಕ್ಕೂ ಜೀವರಕ್ಷಕರ ಓಟಕ್ಕೂ ಅಡ್ಡ ಬರುತ್ತವೆ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಹೆಚ್ಚಿನವರು ಗಮನಿಸದ ಸಂಗತಿ ಬಣ್ಣದ್ದು. ಹಲವು ಸ್ಪರ್ಧೆಗಳಲ್ಲಿ ಹೀಟ್, ಅಂದರೆ ಕೆಲವೇ ಸ್ಪರ್ಧಿಗಳು ನೀರಿಗಿಳಿಯುವ ಒಂದು ಸುತ್ತು, ನಡೆಯುತ್ತಿದೆ ಎನ್ನಲು ಹಸಿರು, ಕೊನೆಯ 5 ನಿಮಿಷ ಉಳಿದಿದೆ ಎನ್ನಲು ಹಳದಿ ಗುರುತು ತೋರಿಸುತ್ತಾರೆ. ಜೀವರಕ್ಷಕರ ಕೆಂಪು-ಹಳದಿ ಬಾವುಟ ಈಜಲು ಕಾವಲಿರುವ ಜಾಗವನ್ನು ಸೂಚಿಸಿದರೆ, ಬರೀ ಕೆಂಪು ಅಪಾಯವನ್ನು ಸೂಚಿಸುತ್ತದೆ. ಅಲೆಗಳ ಆಚೆ ಬೋರ್ಡಿನ ಮೇಲೆ ಕುಳಿತವರಿಗೆ ತೀರ ಒಂದು ಪಟ್ಟಿಯಂತಷ್ಟೇ ಕಾಣುತ್ತದೆ. ಆ ಪಟ್ಟಿಯಲ್ಲಿ ನಮ್ಮ ಬ್ರ್ಯಾಂಡಿನ ಹನ್ನೆರಡು ಹಳದಿ ಬಾವುಟಗಳು ಹಾರಾಡುತ್ತಿದ್ದರೆ ಅವರು ಯಾವುದನ್ನು ನಂಬಬೇಕು? ಸದ್ದಿನದೂ ಇದೇ ಕಥೆ. ಸ್ಪರ್ಧಿಯ ಎರಡು ಅತ್ಯುತ್ತಮ ಅಲೆಗಳ ಅಂಕಗಳಷ್ಟೇ ಲೆಕ್ಕಕ್ಕೆ ಬರುವುದರಿಂದ, ಗೆಲ್ಲಲು ಇನ್ನೆಷ್ಟು ಬೇಕೆಂದು ಧ್ವನಿವರ್ಧಕದಲ್ಲಿ ಕೇಳಿಸಿಕೊಂಡೇ ಅವರು ಮುಂದಿನ ಅಲೆಯನ್ನು ಆರಿಸುತ್ತಾರೆ. ಅದೇ ಹೊತ್ತಿಗೆ ಮಳಿಗೆಯ ಸ್ಪೀಕರ್ ಕುಣಿತದ ಹಾಡು ಹಾಕಿದರೆ ಆಟದ ಲೆಕ್ಕವೇ ಮುಳುಗಿಹೋಗುತ್ತದೆ.

ಹಾಗೆಂದು ಮಳಿಗೆಗಳೇ ಬೇಡವೆಂದು ನನ್ನ ವಾದವಲ್ಲ. ಪ್ರಾಯೋಜಕರಿಲ್ಲದೆ ಸ್ಪರ್ಧೆ ನಡೆಸುವುದು ಕಷ್ಟ. ಒಂದು ಸಲ ಉಚಿತ ವಸ್ತುಗಳು ಸಮಯಕ್ಕೆ ಬರಲಿಲ್ಲವೆಂದು ನಾವು ಕಪ್ಪುಹಲಗೆಯೊಂದನ್ನು ಹೊರಗಿಟ್ಟು, ಉಬ್ಬರ ಇಳಿತದ ವೇಳೆ, ಗಾಳಿಯ ದಿಕ್ಕು, ನೀರಿನಲ್ಲಿರುವವರ ಅಂಗಿಯ ಬಣ್ಣ ಮತ್ತು ಅಂಕಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಾ ಹೋದೆವು. ನೆರಳಿನಲ್ಲಿ ಒಂದು ಬೆಂಚು, ಬಾಟಲಿ ತುಂಬಿಸಿಕೊಳ್ಳಲು ನೀರು. ಅಂದು ನಿಂತಷ್ಟು ಜನ ಅದೃಷ್ಟಚಕ್ರದ ಮುಂದೆ ಎಂದೂ ನಿಂತಿರಲಿಲ್ಲ. ಬಿಸಿಲಿನ ಕ್ರೀಮ್ ಹಂಚುವವರು ಅದರಲ್ಲಿ ಏನಿದೆ ಎಂದು ಒಮ್ಮೆ ಓದಲಿ; ಹವಳಕ್ಕೆ ಹಾನಿಯೆಂಬ ಕಾರಣಕ್ಕೆ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಕ್ರೀಮ್‌ಗಳ ಮುಕ್ತ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ.

ತೀರ್ಪುಗಾರರ ಗೋಪುರದಂಥ ಅಗತ್ಯದ ಕಟ್ಟಡವೂ ಪ್ರಶ್ನೆಗೆ ಒಳಗಾಗುವ ಕಾಲವಿದು. 2024ರ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆಗಾಗಿ ಪೆಸಿಫಿಕ್ ಸಾಗರದ ತಾಹಿತಿ ದ್ವೀಪದ ತೆಅಹುಪೊದಲ್ಲಿ ಹೊಸ ಗೋಪುರ ನಿಲ್ಲಿಸಲು ಹೊರಟಾಗ ಸ್ಥಳೀಯರು ಪ್ರತಿಭಟಿಸಿದರು, 2023ರ ಡಿಸೆಂಬರಿನಲ್ಲಿ ಕೆಲಸದ ದೋಣಿ ತಗುಲಿ ಹವಳ ಮುರಿಯಿತು, ಗೋಪುರದ ಗಾತ್ರವನ್ನೂ ಇಳಿಸಬೇಕಾಯಿತು. ಬರೀ ಪ್ರಚಾರಕ್ಕೆ ನಿಲ್ಲುವ ನಮ್ಮಂಥವರ ಮೇಲೆ ಷರತ್ತು ಹಾಕಲು ಸಂಘಟಕರು ಹಿಂಜರಿಯುವುದೇಕೆ?

ನನ್ನ ಕೋರಿಕೆ ಸರಳವಾದದ್ದು. ಚಪ್ಪರದ ತೂಕ, ಗಾಳಿ ಯಾವ ವೇಗಕ್ಕೇರಿದರೆ ಅದನ್ನು ಇಳಿಸಬೇಕು, ಬಾವುಟಕ್ಕೆ ಯಾವ ಬಣ್ಣ ಸಲ್ಲದು, ಹೀಟ್ ನಡೆಯುವಾಗ ಸ್ಪೀಕರ್ ಸುಮ್ಮನಿರಬೇಕು ಎಂಬುದೆಲ್ಲ ಕರಾರಿನಲ್ಲೇ ಇರಲಿ. ಮಳಿಗೆಯವರ ಠೇವಣಿಯನ್ನು ಡೇರೆ ಕಿತ್ತ ಸಂಜೆಯೇ ಮರಳಿಸುವ ಬದಲು, ಒಂದು ಉಬ್ಬರ ಬಂದು ಹೋದ ಮೇಲೆ ಮರುದಿನ ಬೆಳಿಗ್ಗೆ ಜಾಗ ನೋಡಿ ಮರಳಿಸಲಿ. ಕಸವೆಲ್ಲ ಆಯ್ದೆವೆಂದು ಹೊರಟುಹೋದ ನಾವು ಒಮ್ಮೆ ಮರೆತ ಪೆಟ್ಟಿಗೆಗಾಗಿ ಮರುದಿನ ಹಿಂತಿರುಗಿದಾಗ, ಬ್ಯಾನರ್ ಬಿಗಿಯಲು ಬಳಸಿದ ಕೇಬಲ್ ಟೈಗಳ ಕತ್ತರಿಸಿದ ತುದಿಗಳು ಪಾಚಿಯ ಗೆರೆಯುದ್ದಕ್ಕೂ ಸಿಕ್ಕಿಕೊಂಡಿದ್ದವು, ನಮ್ಮ ಬ್ರ್ಯಾಂಡಿನ ಹಳದಿ ಬಣ್ಣದಲ್ಲೇ.

ಇತಿ,
ತಮ್ಮ ಪತ್ರಿಕೆಯ ಓದುಗ