ಊರಿಗೆ ಬಾರದ ಬೇಸಿಗೆ: ಗೆಳೆಯನಿಗೊಂದು ಪತ್ರ

ಮುಲುಂಡ, ಮುಂಬಯಿ
ಜೂನ್ ಮೊದಲ ವಾರ

ಪ್ರಿಯ ಗೆಳೆಯಾ,

ಸಪ್ರೇಮ ನಮಸ್ಕಾರ. ನಾವಿಬ್ಬರೂ ಇಲ್ಲಿ ಕ್ಷೇಮ. ನೀನು, ವೈನಿಯವರು ಮತ್ತು ಮಕ್ಕಳು ಕ್ಷೇಮವಾಗಿರುವಿರೆಂದು ನಂಬಿದ್ದೇನೆ. ಮೇ ತಿಂಗಳು ಕಳೆದರೂ ಧಾರವಾಡದ ಕಡೆಗೆ ಮುಖ ಹಾಕಲಿಲ್ಲವೇಕೆ ಎಂದು ಹೋದ ವಾರ ನೀನು ಫೋನಿನಲ್ಲಿ ಕೇಳಿದೆ. ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ನಿಂತು ಕೊಡುವಂಥ ಉತ್ತರ ಅದಾಗಿರಲಿಲ್ಲ. ಅದಕ್ಕೇ ಈ ಪತ್ರ.

ನಮ್ಮ ಮದುವೆಯಾಗಿ 26 ವರ್ಷಗಳಾದವು. ಪ್ರತಿ ಬೇಸಿಗೆಯಲ್ಲಿಯೂ ದಾದರಿನಲ್ಲಿ ಚಾಲುಕ್ಯ ಎಕ್ಸ್‌ಪ್ರೆಸ್ ಹತ್ತಿ, ಬೆಳಗಾವಿ ದಾಟಿದೊಡನೆ ಸಾಮಾನು ಕಟ್ಟಿಕೊಂಡು ಬಾಗಿಲ ಬಳಿ ಬಂದು ನಿಲ್ಲುತ್ತಿದ್ದೆವು. ಹೋದ ವರ್ಷ ಅತ್ತೆಯವರು ತೀರಿಕೊಂಡರು. ಈ ಜನವರಿಯಲ್ಲಿ ಧಾರವಾಡದ ಮಾಳಮಡ್ಡಿಯಲ್ಲಿದ್ದ ಅವರ ಮನೆಯೂ ಬೇರೆಯವರ ಪಾಲಾಯಿತು. ನಿನ್ನ ಮನೆಯಿದೆ, ವೈನಿಯವರು ನಮ್ಮನ್ನು ಬೇರೆಡೆ ಇಳಿಯಗೊಡುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದರೆ ಆ ಓಣಿಯ ಮುಂದೆ ಹಾದುಹೋಗುವಾಗ ಇನ್ನಾರದೋ ಹೆಸರಿನ ಫಲಕವನ್ನು ಕಣ್ಣಾರೆ ಕಾಣುವ ಶಕ್ತಿ ಈ ವರ್ಷ ಇವಳಿಗಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ, ಶಾಲೆಯ ಉತ್ತರಪತ್ರಿಕೆಗಳ ಕೆಲಸ ಮುಗಿಸಿ ಬಂದ ಸಂಜೆ, "ಈ ಸಲ ಇಲ್ಲೇ ಇರೋಣ. ಆದರೆ ಮನೆಯಲ್ಲಿ ಕೂಡುವುದು ಬೇಡ, ಕೂತರೆ ಅಳು ಬರುತ್ತದೆ" ಎಂದಳು. ಮಗಳು ಬೆಂಗಳೂರಿನ ಕೆಲಸಕ್ಕೆ ಹೋಗಿ ಒಂದು ವರ್ಷವಾಗಿರುವುದರಿಂದ ಮನೆಯಲ್ಲಿ ಉಳಿದವರು ನಾವಿಬ್ಬರೇ. ಹೀಗೆ ಶನಿವಾರ, ರವಿವಾರಗಳಂದು ಇಬ್ಬರೇ ಹೊರಗೆ ಹೊರಡುವ ಪರಿಪಾಠ ಆರಂಭವಾಯಿತು.

ಮೊದಲ ತಿರುಗಾಟದಲ್ಲಿಯೇ ನಾನೊಂದು ತಪ್ಪು ಮಾಡಿದೆ. ದಾದರಿನಲ್ಲಿ ಗಾಡಿ ಬದಲಿಸಿ ಬೋರಿವಲಿಗೆ ಹೋಗಿ, ಅಲ್ಲಿಯ ರಾಷ್ಟ್ರೀಯ ಉದ್ಯಾನದೊಳಗಿನ ಬಸ್ಸು ಹಿಡಿದು ಕಾನ್ಹೇರಿ ಗವಿಗಳಿಗೆ ತಲುಪುವಷ್ಟರಲ್ಲಿ ಹನ್ನೊಂದೂವರೆಯಾಗಿತ್ತು. ಕೃಷ್ಣಗಿರಿ ಎಂಬುದೇ ಕಾನ್ಹೇರಿಯಾಯಿತು ಎನ್ನುತ್ತಾರೆ. ಆ ಕರಿಕಲ್ಲಿನ ಗುಡ್ಡವು ಮೇ ತಿಂಗಳ ನಡುಹಗಲಿನಲ್ಲಿ ಕಾದ ಹೆಂಚಿನಂತಿರುತ್ತದೆ ಎಂಬುದನ್ನು ನಾನು ಮೊದಲೇ ಯೋಚಿಸಬೇಕಾಗಿತ್ತು. ನಾಲ್ವತ್ತು ಮೆಟ್ಟಿಲು ಹತ್ತುವುದರೊಳಗೆ ಇವಳು ಗೋಡೆ ಹಿಡಿದು ಕುಳಿತುಬಿಟ್ಟಳು. ಕೈ ಮುಟ್ಟಿದರೆ ತಣ್ಣಗಿತ್ತು, ಹಣೆಯ ತುಂಬ ಬೆವರು. ದಾರಿಬದಿಯಲ್ಲಿ ಸೌತೆಕಾಯಿ ಮಾರುತ್ತಿದ್ದ ಹೆಂಗಸು ನನ್ನನ್ನು ಏನೂ ಕೇಳದೆ ಎದ್ದು ಬಂದು, ತನ್ನ ಬಾಟಲಿಯ ನೀರಿನಲ್ಲಿ ಸೆರಗನ್ನು ನೆನೆಸಿ ಇವಳ ಕುತ್ತಿಗೆಯ ಹಿಂದೆ ಇಟ್ಟಳು. ಆಮೇಲೆ ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಸವರಿ, ಚೂರು ಚೂರಾಗಿ ತಿನ್ನಿಸಿದಳು. ದುಡ್ಡು ಕೊಡಹೋದರೆ ಒಂದು ಸೌತೆಕಾಯಿಯ ಬೆಲೆಯನ್ನಷ್ಟೇ ತೆಗೆದುಕೊಂಡಳು. ಆ ತಾಯಿಯ ಹೆಸರು ಕೇಳುವ ವ್ಯವಧಾನವೂ ನನಗೆ ಇರಲಿಲ್ಲವಲ್ಲ ಎಂಬ ಕೊರಗು ಈಗಲೂ ಇದೆ.

ಚೇತರಿಸಿಕೊಂಡ ಮೇಲೆ ಹತ್ತಿರದ ಒಂದು ಗವಿಯೊಳಗೆ ಹೋಗಿ ಕಲ್ಲಿನ ಕಟ್ಟೆಯ ಮೇಲೆ ಒಂದು ಗಂಟೆ ಕುಳಿತೆವು. ಒಳಗೆ ಎಂಥ ತಂಪು! ಅಲ್ಲಿ ನೂರಕ್ಕೂ ಹೆಚ್ಚು ಗವಿಗಳಿವೆ. ಬಹುಪಾಲು ಗವಿಗಳು ಬೌದ್ಧ ಭಿಕ್ಷುಗಳ ವಾಸಕ್ಕಾಗಿ ಕೊರೆದವು. ದೊಡ್ಡ ಚೈತ್ಯದ ಮುಖಮಂಟಪದ ಎರಡೂ ಬದಿಗಳಲ್ಲಿ ನಿಂತಿರುವ ಬುದ್ಧನ ಬೃಹತ್ ಮೂರ್ತಿಗಳನ್ನು ಬಂದವರೆಲ್ಲ ನೋಡುತ್ತಾರೆ. ಇವಳ ಮನಸ್ಸನ್ನು ಹಿಡಿದದ್ದು ಮಾತ್ರ ನೀರು. ಗುಡ್ಡದ ನೆತ್ತಿಗೆ ಬಿದ್ದ ಮಳೆಯನ್ನು ಬಂಡೆಯಲ್ಲಿಯೇ ಕಡಿದ ಕಾಲುವೆಗಳಿಂದ ಇಳಿಸಿ, ಗವಿಗಳ ಪಕ್ಕದಲ್ಲಿ ಕೊರೆದ ತೊಟ್ಟಿಗಳಲ್ಲಿ ತುಂಬಿಸುವ ಆ ಏರ್ಪಾಡನ್ನು ಅವಳು ಬಾಗಿ ಬಾಗಿ ನೋಡಿದಳು. ವಾರಕ್ಕೊಮ್ಮೆ ಬರುವ ನಳದ ನೀರಿಗಾಗಿ ಕೊಡ ಹಿಡಿದು ನಿಂತು ಬೆಳೆದವಳಲ್ಲವೇ! ಅಲ್ಲಿಯ ಕೆಲವು ಶಾಸನಗಳಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಹೆಸರಿದೆ. 9ನೆಯ ಶತಮಾನದಲ್ಲಿ ಅವನ ಸಾಮಂತರಾದ ಶಿಲಾಹಾರರು ಈ ಕೊಂಕಣವನ್ನು ಆಳುತ್ತಿದ್ದರು. ನಾವು ಶಾಲೆಯಲ್ಲಿ ಓದಿದ ನೃಪತುಂಗನೇ ಅವನು. ಬೋರಿವಲಿಯ ಗಾಡಿಯಲ್ಲಿ ಎಷ್ಟು ಸಲ ಓಡಾಡಿದ್ದೇನೆಯೋ ಲೆಕ್ಕವಿಲ್ಲ. ಆ ಹೆಸರು ಹತ್ತು ಮೈಲಿಯೊಳಗೆ ನನಗಾಗಿ ಕಾದಿತ್ತೆಂದು ಒಮ್ಮೆಯೂ ಹೊಳೆದಿರಲಿಲ್ಲ. ಅಂದಿನಿಂದ, ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ನೆರಳು ಸೇರಬೇಕೆಂದು ನಿಶ್ಚಯಿಸಿಕೊಂಡೆವು.

ಘಾರಾಪುರಿಗೆ, ಅಂದರೆ ಎಲಿಫೆಂಟಾ ದ್ವೀಪಕ್ಕೆ, ಹಾಗೆಯೇ ಬೆಳಗಿನ ದೋಣಿ ಹಿಡಿದು ಹೋದೆವು. ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯಿಂದ ಸುಮಾರು ಒಂದು ಗಂಟೆಯ ಪಯಣ. ದೋಣಿ ತಿರುಗುವಾಗ ತಾಜ್ ಹೋಟೆಲು, 1924ರಲ್ಲಿ ಕಟ್ಟಿ ಮುಗಿಸಿದ ಆ ಮಹಾದ್ವಾರ, ಎರಡೂ ನಿಧಾನವಾಗಿ ಚಿಕ್ಕದಾಗುತ್ತ ಹೋಗುವುದನ್ನು ಇವಳು ಮಗುವಿನಂತೆ ನೋಡುತ್ತಿದ್ದಳು. ಅವಳು ಇತಿಹಾಸದ ಶಿಕ್ಷಕಿ ಎಂಬುದು ನಿನಗೆ ಗೊತ್ತು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿ ಬರೆದ 634ರ ಶಾಸನವನ್ನು ಅವಳು ದೋಣಿಯಲ್ಲಿಯೇ ನೆನೆದಳು. ಪಡುಗಡಲಿನ ಲಕ್ಷ್ಮಿಯಂತಿದ್ದ ಪುರಿ ಎಂಬ ಪಟ್ಟಣವನ್ನು ಇಮ್ಮಡಿ ಪುಲಕೇಶಿ ಮದ್ದಾನೆಗಳಂಥ ನೂರಾರು ಹಡಗುಗಳಿಂದ ಮುತ್ತಿದನೆಂದು ಅದರಲ್ಲಿದೆ. ಆ ಪುರಿಯೇ ಈ ಘಾರಾಪುರಿ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ, ಎಲ್ಲರೂ ಒಪ್ಪುವುದಿಲ್ಲ. ಒಪ್ಪಲಿ, ಬಿಡಲಿ, ಆ ಮಾತು ಕೇಳಿದ ಮೇಲೆ ಆ ನೀರನ್ನು ನೋಡುವ ನನ್ನ ಕಣ್ಣು ಬೇರೆಯಾಯಿತು. ಪೋರ್ಚುಗೀಸರು ದ್ವೀಪಕ್ಕೆ ಎಲಿಫೆಂಟಾ ಎಂದು ಹೆಸರಿಡಲು ಕಾರಣವಾದ ಕಲ್ಲಾನೆ ಈಗ ಅಲ್ಲಿಲ್ಲ. ಅದು ಬೈಕುಲ್ಲಾದ ಭಾವೂ ದಾಜಿ ಲಾಡ್ ವಸ್ತುಸಂಗ್ರಹಾಲಯದ ಪಕ್ಕದಲ್ಲಿ ನಿಂತಿದೆ.

ಮಹಾಗವಿಯ ಒಳಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಹಿಂದಿನ ಗೋಡೆಯಿಂದ ಆ ಮೂರು ಮುಖಗಳು ಮೆಲ್ಲನೆ ಹೊರಬರುತ್ತವೆ. ಸುಮಾರು 20 ಅಡಿ ಎತ್ತರದ ಮೂರ್ತಿ. ನಮ್ಮ ಎಡಗಡೆಯದು ಕೈಯಲ್ಲಿ ಹಾವು ಹಿಡಿದ ಉಗ್ರಮುಖ, ಬಲಗಡೆಯದು ಕಮಲ ಹಿಡಿದ ಹೆಣ್ಣಿನ ಮುಖ, ನಡುವೆ ಕಣ್ಣು ಮುಚ್ಚಿದ ಶಾಂತಮುಖ. ಎಲ್ಲರೂ ಫೋಟೋ ತೆಗೆಸಿಕೊಂಡು ಮುಂದೆ ಹೋದರೂ ಇವಳು ನಡುವಿನ ಮುಖದ ಕೆಳದುಟಿಯನ್ನೇ ನೋಡುತ್ತ ನಿಂತಳು. ತುಸು ಮುಂದೆ ಬಂದ, ತುಂಬಿಕೊಂಡ ತುಟಿ. ಏನೋ ಹೇಳಲು ಹೋಗಿ, ಬೇಡವೆಂದು ಸುಮ್ಮನಾದವರ ತುಟಿಯ ಹಾಗೆ. "ಅವ್ವ ಕೊನೆಯ ವಾರದಲ್ಲಿ ಹೀಗೇ ಮಲಗಿದ್ದಳು" ಎಂದಳು. ನಾನು ಉತ್ತರ ಕೊಡಲಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವಳು ಅವ್ವನ ಕೊನೆಯ ದಿನಗಳ ಬಗ್ಗೆ ಆಡಿದ ಮೊದಲ ಮಾತು ಅದು. ಇಳಿಯುವಾಗ ಮೆಟ್ಟಿಲ ಮೇಲೆ ಉಪ್ಪುಖಾರ ಹಚ್ಚಿದ ಮಾವಿನಕಾಯಿ ಕೊಂಡು, ದೋಣಿ ತುಂಬುವವರೆಗೂ ಮನೆಯ ಮಾತುಗಳನ್ನೇ ಆಡುತ್ತ ಕುಳಿತಿದ್ದೆವು.

ಊಟದ ವಿಷಯ ಬರೆಯದಿದ್ದರೆ ವೈನಿಯವರು ಪತ್ರವನ್ನು ಅರ್ಧಕ್ಕೇ ಮಡಚಿಡುತ್ತಾರೆ. ಮೂರು ರವಿವಾರ ನಾವು ಮಾಟುಂಗಕ್ಕೆ ಹೋದೆವು. ಮುಲುಂಡಿನಿಂದ ಸ್ಲೋ ಗಾಡಿ ಹಿಡಿದರೆ ನೇರ ಅಲ್ಲಿಯೇ ಇಳಿಯಬಹುದು. 2017ರಿಂದ ಆ ಸ್ಟೇಶನ್ನಿನ ಕೆಲಸವನ್ನೆಲ್ಲ ಹೆಣ್ಣುಮಕ್ಕಳೇ ನಡೆಸುತ್ತಿದ್ದಾರೆಂದು ಇವಳು ಪ್ರತಿ ಸಲವೂ ಹೆಮ್ಮೆಯಿಂದ ನೆನಪಿಸುತ್ತಾಳೆ. ಹೊರಗೆ ಬಂದರೆ ಮಲ್ಲಿಗೆಯ ವಾಸನೆ, ಬಾಳೆಎಲೆಯ ಕಟ್ಟುಗಳು, ಹದವಾಗಿ ಹುರಿದ ಕಾಫಿಪುಡಿ. ಬೆಳಿಗ್ಗೆ ಕೆಫೆ ಮದ್ರಾಸಿನಲ್ಲಿ ತಿಂಡಿ. ಅದು 1940ರಿಂದ ಅದೇ ಮೂಲೆಯಲ್ಲಿದೆ, ಹೊರಗೆ ಹೆಸರು ಬರೆಸಿ ಕಾಯಬೇಕು. ಮಧ್ಯಾಹ್ನ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗಿನಲ್ಲಿ ಊಟ. 1942ರಲ್ಲಿ ಆರಂಭವಾದ ಆ ಖಾನಾವಳಿಯಲ್ಲಿ ಬಾಳೆಎಲೆಯ ಮೇಲೆ ಸಾರು, ಹುಳಿ, ಪಲ್ಯಗಳನ್ನು ಸಾಕೆನ್ನುವವರೆಗೂ ಬಡಿಸುತ್ತಾರೆ. ಎದುರಿಗೆ ಕುಳಿತವರು ಗುಜರಾತಿಗಳು, ಪಕ್ಕದವರು ಮರಾಠಿಗಳು. ಬಡಿಸುವವರು ತಮ್ಮತಮ್ಮಲ್ಲಿ ತುಳು ಆಡುತ್ತಾರೆ. ನಮ್ಮ ಕನ್ನಡ ಕೇಳಿದ ಕೂಡಲೇ ಒಬ್ಬರು ಕೇಳದೆಯೇ ಇನ್ನೊಂದು ಸೌಟು ಸಾರು ಹಾಕಿದರು. ದಕ್ಷಿಣ ಕನ್ನಡದಿಂದ ಎಳೆಯ ವಯಸ್ಸಿನಲ್ಲಿ ಬಂದು, ಲೋಟ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಈ ಮಹಾನಗರಕ್ಕೆ ಊಟ ಹಾಕಿದ ಆ ಜನರ ಬಗ್ಗೆ ನಮ್ಮ ಉತ್ತರ ಕರ್ನಾಟಕದವರಿಗೆ ಇನ್ನೂ ಹೆಚ್ಚು ಗೊತ್ತಿರಬೇಕು ಎಂದು ನನ್ನ ಬಲವಾದ ಅನಿಸಿಕೆ. ಊಟವಾದ ಮೇಲೆ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಶನ್ನಿನ ಮುಂದಿನಿಂದ ನಡೆದು, ಫೈವ್ ಗಾರ್ಡನ್ಸಿನ ಮರಗಳ ಕೆಳಗೆ ಬಿಸಿಲಿಳಿಯುವವರೆಗೆ ಕುಳಿತಿರುತ್ತಿದ್ದೆವು.

ಪುಣೆಗೆ ಒಂದೇ ರಾತ್ರಿಯ ಮಟ್ಟಿಗೆ ಹೋಗಿಬಂದೆವು. ಹೋಗುವಾಗ ಘಾಟಿನ ಸುರಂಗಗಳು, ಸಂಜೆ ಪರ್ವತಿ ಗುಡ್ಡ, ರಾತ್ರಿ ಒಂದು ದೊಡ್ಡ ಲೋಟ ಮಾವಿನ ಮಸ್ತಾನಿ. ಮರುದಿನ ಬೆಳಿಗ್ಗೆ 1930ರಿಂದ ಓಡುತ್ತಿರುವ ಡೆಕ್ಕನ್ ಕ್ವೀನ್ ಹಿಡಿದು ದಾದರಿಗೆ. ಗದಗದಿಂದ ಬಂದ ಭೀಮಸೇನ ಜೋಶಿಯವರು ಕುಂದಗೋಳದ ತಮ್ಮ ಗುರುಗಳ ಹೆಸರಿನಲ್ಲಿ ಸಂಗೀತೋತ್ಸವ ನಡೆಸಿದ ಊರು ಪುಣೆ. ಅದನ್ನು ಕೇಳಲು ಡಿಸೆಂಬರಿನಲ್ಲಿಯೇ ಬರಬೇಕೆಂದು ನಿರ್ಧರಿಸಿದ್ದೇವೆ.

ಈ ಬೇಸಿಗೆಯಲ್ಲಿ ನಾವು ಅತಿ ಹೆಚ್ಚು ಸಲ ಹೋದ ಸ್ಥಳ ಯಾವುದೆಂದರೆ ನಮ್ಮದೇ ಕಟ್ಟಡದ ಗಚ್ಚಿ. ಏಳು ವರ್ಷಗಳಿಂದ ಲಿಫ್ಟಿನಲ್ಲಿ ಬರೇ ನಗು ಬೀರುತ್ತಿದ್ದ ಕಛ್‌ನ ಅಜ್ಜಿಯೊಬ್ಬರು ಅಲ್ಲಿ ಛುಂದೋ ಎಂಬ ಮಾವಿನಕಾಯಿಯ ಸಿಹಿ ಉಪ್ಪಿನಕಾಯಿ ಹಾಕುತ್ತಿದ್ದರು. ರಾಜಾಪುರಿ ಮಾವಿನಕಾಯಿಯನ್ನು ತುರಿದು, ಉಪ್ಪು ಅರಿಸಿನ ಬೆರೆಸಿ, ಸಕ್ಕರೆ ಸೇರಿಸಿ, ಪಾತ್ರೆಯ ಬಾಯಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿ ಬಿಸಿಲಿಗಿಡುತ್ತಾರೆ. ಒಲೆಯ ಹಂಗಿಲ್ಲ. ಸಂಜೆ ಒಳಗೆ ತಂದು, ಬೆಳಿಗ್ಗೆ ಕೈಯಾಡಿಸಿ ಮತ್ತೆ ಬಿಸಿಲಿಗೆ. ಎಂಟನೆಯ ದಿನ ಅಜ್ಜಿ ಒಂದು ಹನಿಯನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದು ಬಿಡಿಸಿದಾಗ ಕೂದಲಿನಷ್ಟು ತೆಳ್ಳಗಿನ ಒಂದೆಳೆ ನಿಂತಿತು. ಆಗ ಖಾರದ ಪುಡಿ, ಜೀರಿಗೆ ಹಾಕಲು ಅಪ್ಪಣೆಯಾಯಿತು. ಇವಳು ಪಕ್ಕದಲ್ಲಿಯೇ ಅಕ್ಕಿಸಂಡಿಗೆ ಇಟ್ಟಳು. ಅವರ ಭಾಷೆ ಇವಳಿಗೆ ಪೂರ್ತಿ ತಿಳಿಯದು, ಇವಳ ಹಿಂದಿ ಅವರಿಗೆ ಅಷ್ಟಕ್ಕಷ್ಟೆ. ಆದರೂ ಕಾಗೆ ಓಡಿಸುತ್ತ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು.

ಕೊನೆಗೆ ಮಾವಿನ ಪೇಟಿಯ ಸಂಗತಿ. ಮೇ ನಡುವಿನಲ್ಲಿ ಒಬ್ಬ ವ್ಯಾಪಾರಿಯಿಂದ ರತ್ನಾಗಿರಿ ಹಾಪೂಸ್ ಎಂದು ಒಂದು ಪೇಟಿ ತಂದೆ, ಬೆಲೆಯನ್ನೂ ಅದರದೇ ಕೊಟ್ಟೆ. ಇವಳು ಒಂದೊಂದೇ ಹಣ್ಣನ್ನು ತೊಟ್ಟಿನ ಬಳಿ ಮೂಸಿ, ಹುಲ್ಲು ಸರಿಸಿ ತೆಗೆಯುತ್ತ ತಳಕ್ಕೆ ಬಂದಾಗ ಒಮ್ಮೆಲೇ ಸುಮ್ಮನಾದಳು. ಹುಲ್ಲಿನ ಕೆಳಗೆ ಹಾಸಿದ್ದ ಪತ್ರಿಕೆ ಕನ್ನಡದ್ದು. ಧಾರವಾಡ ಜಿಲ್ಲೆಯ ಸುದ್ದಿಯ ಪುಟ. 2018ರಲ್ಲಿ ರತ್ನಾಗಿರಿ ಮೊದಲಾದ ಕೊಂಕಣ ಜಿಲ್ಲೆಗಳ ಹಾಪೂಸಿಗೆ ಭೌಗೋಳಿಕ ಗುರುತು ಸಿಕ್ಕಿದೆ. ಆ ಹೆಸರನ್ನು ಬೇರೆ ಊರಿನ ಹಣ್ಣಿಗೆ ಅಂಟಿಸುವುದು ಕೊಂಡವನಿಗೂ ಮೋಸ, ಕೊಂಕಣದ ರೈತನಿಗೂ ಮೋಸ. ನನಗೆ ಅದಕ್ಕಿಂತ ಹೆಚ್ಚು ನೋವಾದದ್ದು ನಮ್ಮ ರೈತನ ಬಗ್ಗೆ. ನಮ್ಮ ಕಡೆಯ ಆಪೂಸು ತನ್ನ ಹೆಸರಿನಿಂದಲೇ ಮಾರಾಟವಾಗಲು ಏನು ಕೊರತೆ? ಮರಳಿ ಕೊಟ್ಟುಬರುತ್ತೇನೆಂದು ನಾನು ಎದ್ದೆ. ಇವಳು ಕೊಡಗೊಡಲಿಲ್ಲ. ಹಣ್ಣುಗಳ ಸಿಪ್ಪೆ ತುಸು ಸುಕ್ಕುಗಟ್ಟುವವರೆಗೆ ಮೂರು ದಿನ ಕಾಯಿಸಿ, ಏಲಕ್ಕಿ ಹಾಕಿ ಅವ್ವನ ಹದದಲ್ಲಿಯೇ ಸೀಕರಣೆ ಮಾಡಿ, ಚಪಾತಿಯೊಂದಿಗೆ ಕಛ್‌ನ ಅಜ್ಜಿಗೂ ಬಡಿಸಿದಳು. "ಯಾವ ಊರಿನ ಹಣ್ಣು?" ಎಂದು ಅವರು ಕೇಳಿದಾಗ, "ನಮ್ಮೂರಿನದು" ಎಂದಳು. ಆ ಪತ್ರಿಕೆಯ ಪುಟ ಈಗ ನಮ್ಮ ಕಪಾಟಿನ ಒಳಗೆ ಸೀರೆಗಳ ಕೆಳಗಿದೆ.

ನಿನ್ನೆ ಮೊದಲ ಮಳೆ ಬಿತ್ತು. ಗಚ್ಚಿಯಲ್ಲಿ ಉಳಿದಿದ್ದ ಸಂಡಿಗೆಯನ್ನು ಓಡಿಹೋಗಿ ತಂದೆವು. ಬರುವ ವಾರ ನಮ್ಮ ಆಫೀಸಿನವರೊಬ್ಬರು ಹುಬ್ಬಳ್ಳಿಗೆ ಬರುವವರಿದ್ದಾರೆ. ಅವರ ಕೈಯಲ್ಲಿ ಒಂದು ಬಾಟಲಿ ಛುಂದೋ ಕಳಿಸುತ್ತಿದ್ದೇವೆ. ಹಸಿ ಚಮಚ ಹಾಕಬಾರದೆಂದು ವೈನಿಯವರಿಗೆ ಹೇಳು. ಬಿಸಿ ಜೋಳದ ರೊಟ್ಟಿಯ ಮೇಲೆ ತುಸು ಬೆಣ್ಣೆ ಸವರಿ ಇದನ್ನು ಹಚ್ಚಿಕೊಂಡು ತಿನ್ನಬೇಕು. ದೀಪಾವಳಿಗೆ ನಾವು ಬರುತ್ತೇವೆ, ನಿನ್ನಲ್ಲಿಯೇ ಇಳಿಯುತ್ತೇವೆ. ಮಾಳಮಡ್ಡಿಯ ಓಣಿಯಲ್ಲಿ ಒಮ್ಮೆ ನಡೆದು ಬರೋಣವೆಂದು ನಿನ್ನೆ ರಾತ್ರಿ ಇವಳೇ ಹೇಳಿದಳು.

ಇಂತಿ ನಿನ್ನ,
ಮುಲುಂಡಿನ ಗೆಳೆಯ