ರಸೀದಿಯಲ್ಲಿ ತಿಂಗಳ ಹೆಸರು ಮಾತ್ರ ಇಂಗ್ಲಿಷ್ ಆಗುವುದು ಏಕೆ?

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದುಗರೊಬ್ಬರು ತಮ್ಮೂರಿನ ಸಹಕಾರ ಸಂಘದ ರಸೀದಿ ಬಗ್ಗೆ ಬರೆದಿದ್ದರು. ಸಾಫ್ಟ್‌ವೇರ್ ಬದಲಾದ ಮೇಲೆ ತಾರೀಖು ಇಂಗ್ಲಿಷ್‌ನಲ್ಲಿ ಬರುತ್ತಿದೆ, ಇದು ಕನ್ನಡವನ್ನು ಒಂದೊಂದೇ ಪದವಾಗಿ ಹೊರಗೆ ಹಾಕುವ ಉಪಾಯ ಎಂಬುದು ಅವರ ದೂರು. ಅವರ ಸಿಟ್ಟಿನ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದೇ ಪತ್ರದಲ್ಲಿ ಅವರು ಇನ್ನೊಂದು ಮಾತು ಬರೆದಿದ್ದರು: ಬಾಕಿ ಎಲ್ಲ ಮೊದಲಿನ ಹಾಗೆ ಕನ್ನಡದಲ್ಲೇ ಇದೆ, ತಿಂಗಳು ಮತ್ತು ವಾರದ ಹೆಸರು ಮಾತ್ರ ಬದಲಾಗಿದೆ ಎಂದು. ಅದನ್ನು ಓದಿದ ಕೂಡಲೇ ನನಗೆ ಬೇರೆ ಅನುಮಾನ ಬಂತು. ನಾನು ಸಾಗರದಲ್ಲಿ ಕೂತು ಸುತ್ತಮುತ್ತಲಿನ ಸಣ್ಣ ಸಂಘಗಳಿಗೆ ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳನ್ನು ನೋಡಿಕೊಳ್ಳುವವಳು. ಇಂಥದ್ದೇ ರಸೀದಿಯೊಂದು ನನ್ನ ಮೇಜಿಗೂ ಬಂದಿತ್ತು.

ಅದು ಅಡಿಕೆ ವ್ಯಾಪಾರದ ಸಂಘ. ರಾಶಿ, ಬೆಟ್ಟೆ, ಗೊರಬಲು ಎಂಬ ಅಡಿಕೆ ಬಗೆಗಳ ಹೆಸರೆಲ್ಲ ನೀಟಾಗಿ ಕನ್ನಡದಲ್ಲಿತ್ತು. ಸದಸ್ಯರ ಹೆಸರು, ಊರು, ತೂಕದ ಕಾಲಂ, ಒಂದಕ್ಕೂ ತೊಂದರೆ ಇಲ್ಲ. ಹಾಗಾಗಿ ಫಾಂಟ್ ಹಾಳಾಗಿಲ್ಲ, ಪ್ರಿಂಟರ್ ಸರಿ ಇದೆ, ಯೂನಿಕೋಡ್ ಗಲಾಟೆಯೂ ಅಲ್ಲ. ಇವೆಲ್ಲ ಸಂಘದ ಡೇಟಾಬೇಸ್‌ನಿಂದ ಬರುವ ಪದಗಳು. ಸೋಮವಾರ, ಮಾರ್ಚ್ ಎಂಬ ಪದಗಳು ಹಾಗಲ್ಲ. ಅವನ್ನು ಯಾರೂ ಟೈಪ್ ಮಾಡಿ ಇಟ್ಟಿರುವುದಿಲ್ಲ. ಕನ್ನಡದಲ್ಲಿ ತಾರೀಖು ಕೊಡು ಎಂದು ಪ್ರೋಗ್ರಾಂ ಕೇಳುತ್ತದೆ, ಅದನ್ನು ಓಡಿಸುವ ಜಾವಾ ವ್ಯವಸ್ಥೆ ತನ್ನ ಉಗ್ರಾಣದಿಂದ ತೆಗೆದು ಕೊಡುತ್ತದೆ. ಅಂದರೆ ಜಾವಾ ಕೊಡಬೇಕಾದದ್ದು ಮಾತ್ರ ಕಾಣೆಯಾಗಿತ್ತು.

ಇದು ಹೇಗಾಯಿತು ಎನ್ನಲು ಸ್ವಲ್ಪ ಹಿಂದಿನ ಕಥೆ ಹೇಳಬೇಕು. 2017ರ ಸೆಪ್ಟೆಂಬರ್‌ವರೆಗೆ ಜಾವಾ ಒಂದೇ ಗಟ್ಟಿ ಉಂಡೆಯಾಗಿ ಬರುತ್ತಿತ್ತು. ಬೇಕಾದದ್ದು, ಬೇಡದ್ದು ಎಲ್ಲ ಒಟ್ಟಿಗೆ. ಆ ತಿಂಗಳು ಬಂದ ಜಾವಾ 9 ಅದನ್ನು ಮಾಡ್ಯೂಲ್‌ಗಳಾಗಿ, ಅಂದರೆ ಬೇರೆ ಬೇರೆ ತುಂಡುಗಳಾಗಿ ಒಡೆಯಿತು. ಈ ಕೆಲಸಕ್ಕೆ ಪ್ರಾಜೆಕ್ಟ್ ಜಿಗ್ಸಾ ಎಂದು ಹೆಸರು. 2008ರಲ್ಲೇ ಶುರುವಾಗಿತ್ತು. ಜಾವಾ 7ಕ್ಕೆ ಬರಬೇಕಿತ್ತು, ಆಗಲಿಲ್ಲ. 8ಕ್ಕೂ ಆಗಲಿಲ್ಲ. 2017ರ ಮೇ ತಿಂಗಳಲ್ಲಿ ಜಾವಾ ಸಮಿತಿಯ ಮತಕ್ಕೆ ಹಾಕಿದಾಗ ವಿರುದ್ಧ 13, ಪರ 10 ಮತ ಬಂದು ಬಿದ್ದೇ ಹೋಯಿತು, ಮುಂದಿನ ತಿಂಗಳು ತಿದ್ದಿ ತಂದ ಮೇಲೆ ಪಾಸಾಯಿತು. ಸಂಘದ ವಾರ್ಷಿಕ ಸಭೆಗಳಲ್ಲಿ ಮಾತ್ರ ಹೀಗಾಗುತ್ತದೆ ಎಂದುಕೊಂಡಿದ್ದೆ!

ಈಗ ಜಾವಾ 17 ತೆಗೆದುಕೊಂಡರೆ ಅದರಲ್ಲಿ ಸುಮಾರು 70 ಮಾಡ್ಯೂಲ್‌ಗಳಿವೆ. ಪ್ರತಿ ಮಾಡ್ಯೂಲ್ ತನಗೆ ಯಾರ್ಯಾರು ಬೇಕು ಎಂದು ಹೇಳಿಕೊಳ್ಳುತ್ತದೆ. ಜೆಲಿಂಕ್ ಎಂಬ ಉಪಕರಣಕ್ಕೆ ಪಟ್ಟಿ ಕೊಟ್ಟರೆ ಅಷ್ಟೇ ಮಾಡ್ಯೂಲ್ ಸೇರಿಸಿ ಸಣ್ಣ ಜಾವಾ ಕಟ್ಟಿ ಕೊಡುತ್ತದೆ. ಪೂರ್ತಿ ಅಂಗಡಿ ಎತ್ತಿಕೊಂಡು ಬರುವ ಬದಲು ಚೀಟಿ ಬರೆದು ಸಾಮಾನು ತಂದ ಹಾಗೆ. ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುವುದಿಲ್ಲ. ಒಳ್ಳೆಯ ಏರ್ಪಾಡೇ ಅದು. ಗಾತ್ರ ಇಳಿಯುತ್ತದೆ, ಬೇಡದ್ದು ಇರುವುದಿಲ್ಲ, ಆದ್ದರಿಂದ ಕಳ್ಳರು ನುಗ್ಗುವ ಬಾಗಿಲುಗಳೂ ಕಡಿಮೆ.

ಆ ಚೀಟಿಯನ್ನು ಬರೆಯುವವರು ಯಾರು? ಸಾಮಾನ್ಯವಾಗಿ ಜೆಡೆಪ್ಸ್ ಎಂಬ ಇನ್ನೊಂದು ಉಪಕರಣ. ನಿಮ್ಮ ಪ್ರೋಗ್ರಾಂನ ಕ್ಲಾಸ್ ಫೈಲ್‌ಗಳನ್ನು, ಅಂದರೆ ಪ್ರೋಗ್ರಾಂನ ಸಣ್ಣ ಸಣ್ಣ ಭಾಗಗಳನ್ನು ಅದು ಓದುತ್ತದೆ. ಈ ಕ್ಲಾಸ್ ಆ ಕ್ಲಾಸನ್ನು ಹೆಸರು ಹಿಡಿದು ಕರೆದಿದೆಯೇ ಎಂದು ನೋಡುತ್ತದೆ. ಕರೆದಿದ್ದರೆ ಪಟ್ಟಿಗೆ ಸೇರಿಸುತ್ತದೆ. ಹೆಸರು ಹಿಡಿದು ಕರೆಯದೆ, ಪ್ರೋಗ್ರಾಂ ಓಡುವಾಗ ಹುಡುಕಿಕೊಳ್ಳುವ ಸಂಗತಿಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಭಾಷೆಗಳ ಮಾಹಿತಿ ಇರುವುದು ಅಂಥ ಕಡೆಯಲ್ಲೇ. ಅಮೆರಿಕದ ಇಂಗ್ಲಿಷ್ ಮೂಲ ಮಾಡ್ಯೂಲ್‌ನಲ್ಲೇ ಇದೆ, ತೆಗೆಯುತ್ತೇನೆಂದರೂ ಬರುವುದಿಲ್ಲ. ಉಳಿದ ಭಾಷೆಗಳೆಲ್ಲ, ಕನ್ನಡವೂ ಸೇರಿ, ಜೆಡಿಕೆ ಡಾಟ್ ಲೋಕೇಲ್‌ಡೇಟಾ ಎಂಬ ಬೇರೆ ಮಾಡ್ಯೂಲ್‌ನಲ್ಲಿವೆ. ನಿಮ್ಮ ಪ್ರೋಗ್ರಾಂನ ಯಾವ ಕ್ಲಾಸೂ ಅದನ್ನು ನೇರವಾಗಿ ಕರೆಯುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಅದು ಬರೆದಿರುವುದಿಲ್ಲ.

ನನ್ನ ಬಳಿ ಬಂದ ಕೇಸಿನಲ್ಲಿ ಆದದ್ದು ಇಷ್ಟೇ. ಸಾಫ್ಟ್‌ವೇರ್ ಕೊಟ್ಟವರು ಜೆಡೆಪ್ಸ್ ಓಡಿಸಿದ್ದಾರೆ, ಬಂದ ಪಟ್ಟಿಯನ್ನು ಹಾಗೇ ಜೆಲಿಂಕ್‌ಗೆ ಕೊಟ್ಟಿದ್ದಾರೆ. ಬಿಲ್ಡ್, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ಕಟ್ಟುವ ಕೆಲಸ, ಆಯಿತು. ಒಂದು ಎಚ್ಚರಿಕೆಯೂ ಬರಲಿಲ್ಲ. ಅವರ ಲ್ಯಾಪ್‌ಟಾಪ್‌ನಲ್ಲಿ ಪೂರ್ತಿ ಜೆಡಿಕೆ, ಅಂದರೆ ಏನೂ ಬಿಡದ ಇಡೀ ಜಾವಾ ಕಟ್ಟು ಇತ್ತು, ಆದ್ದರಿಂದ ಅಲ್ಲಿ ಎಲ್ಲ ಟೆಸ್ಟ್‌ಗಳೂ ಪಾಸು, ತಾರೀಖು ಕನ್ನಡದಲ್ಲೇ. ಸಂಘದ ಕೌಂಟರ್‌ಗೆ ಬಂದದ್ದು ಮಾತ್ರ ಆ ಸಣ್ಣ ಜಾವಾ. ಅಲ್ಲಿ ಪ್ರೋಗ್ರಾಂ ಕನ್ನಡ ಕೇಳಿತು, ಜಾವಾ ಹುಡುಕಿತು, ಸಿಗಲಿಲ್ಲ, ಇಂಗ್ಲಿಷ್ ಕೊಟ್ಟು ಸುಮ್ಮನಾಯಿತು. ಯಾವ ಭಾಷೆ ಸಿಗದಿದ್ದರೂ ಹೀಗೆ ಮೂಲಕ್ಕೆ ಇಳಿಯುವುದೇ ಅದರ ನಿಯಮ.

ನಾನು ಈ ಪತ್ರ ಬರೆಯುತ್ತಿರುವುದು ಮುಖ್ಯವಾಗಿ ಈ ಸುಮ್ಮನಾಗುವ ಗುಣದ ಬಗ್ಗೆ ಹೇಳಲು. ಮಾಡ್ಯೂಲ್ ಸಿಗದೆ ಹೋಗುವುದರಲ್ಲಿ ಎರಡು ಬಗೆ. ಒಂದು ಕಿರುಚುತ್ತದೆ, ಇನ್ನೊಂದು ಬಾಯಿ ಬಿಡುವುದಿಲ್ಲ.

ಕಿರುಚುವ ಬಗೆಯನ್ನು ನಾವೆಲ್ಲ ಬೈಯುತ್ತೇವೆ, ಆದರೆ ಅದು ಪಾಪದ್ದು. ಇಂಥ ಮಾಡ್ಯೂಲ್ ಸಿಗಲಿಲ್ಲ, ಅದು ಬೇಕಾಗಿರುವುದು ಇಂಥದಕ್ಕೆ ಎಂದು ಎರಡೂ ಹೆಸರು ಹೇಳಿಯೇ ನಿಲ್ಲುತ್ತದೆ. 2018ರ ಸೆಪ್ಟೆಂಬರ್‌ನಲ್ಲಿ ಜಾವಾ 11 ಬಂದಾಗ ಎಕ್ಸ್‌ಎಂಎಲ್ ಎಂಬ ಮಾಹಿತಿ ಫೈಲ್‌ಗಳನ್ನು ಓದಿ ಬರೆಯುವ ಜಾಕ್ಸ್‌ಬಿ ಎಂಬ ಭಾಗವನ್ನು ಜೆಡಿಕೆಯಿಂದಲೇ ತೆಗೆದು ಹಾಕಿದರು. ಅದಕ್ಕೂ ಮೊದಲು 9 ಮತ್ತು 10ರಲ್ಲಿ ಅದನ್ನು ತಾನಾಗಿ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದ್ದರು. ಬಹಳ ಮಂದಿ ಶುರು ಮಾಡುವ ಸಾಲಿನಲ್ಲಿ 'ಆ ಮಾಡ್ಯೂಲ್ ಸೇರಿಸು' ಎಂಬ ತೇಪೆ ಹಚ್ಚಿ ಕೂತಿದ್ದರು. 11 ಬಂದಾಗ ಆ ತೇಪೆಯೇ ದೋಷವಾಯಿತು, ಸೇರಿಸಲು ಮಾಡ್ಯೂಲೇ ಇಲ್ಲವಲ್ಲ. ಎಷ್ಟೋ ಹಳೆಯ ಪ್ರೋಗ್ರಾಂಗಳು ಮೊದಲ ಸಾಲಿನಲ್ಲೇ ಬಿದ್ದವು. ಆದರೆ ಬಿದ್ದದ್ದು ಎಲ್ಲಿ ಎಂದು ಗೊತ್ತಿತ್ತು. ಬಿಲ್ಡ್ ಮಾಡಿಕೊಡುವ ಮೇವನ್ ಎಂಬ ಉಪಕರಣಕ್ಕೆ ಬೇಕಾದದ್ದನ್ನು ಬರೆಯುವ ಪಾಮ್ ಫೈಲಿನಲ್ಲಿ ಜಾಕ್ಸ್‌ಬಿಯನ್ನು ಹೊರಗಿನ ಜಾರ್ (ಸಿದ್ಧ ಕೋಡ್‌ನ ಕಟ್ಟು) ಆಗಿ ಸೇರಿಸಿದರೆ ಕೆಲಸ ಮುಗಿಯಿತು. ಸಂಜೆಯೊಳಗೆ ಮನೆಗೆ ಹೋಗಬಹುದು.

ಬಾಯಿ ಬಿಡದ ಬಗೆ ಹಾಗಲ್ಲ. ಕೆಲವೊಮ್ಮೆ ಅದು ಬಾಯಿ ಬಿಟ್ಟರೂ ಸುಳ್ಳು ಹೇಳುತ್ತದೆ. ಜಾವಾ 22ಕ್ಕಿಂತ ಹಿಂದಿನ ಆವೃತ್ತಿಗಳಲ್ಲಿ ಜೆಡಿಕೆ ಡಾಟ್ ಕ್ರಿಪ್ಟೋ ಡಾಟ್ ಇಸಿ ಎಂಬ ಮಾಡ್ಯೂಲ್ ಇತ್ತು. ಈಗಿನ ಸುರಕ್ಷಿತ ವೆಬ್ ಸಂಪರ್ಕಗಳಿಗೆ ಬೇಕಾದ ಗಣಿತ ಅದರಲ್ಲಿತ್ತು. ಅದೂ ಓಡುವಾಗಲೇ ಹುಡುಕಿಕೊಳ್ಳುವ ಬಗೆಯದು, ಜೆಡೆಪ್ಸ್ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬಿಟ್ಟು ಕಟ್ಟಿದ ಜಾವಾ ಬ್ಯಾಂಕಿನ ಸರ್ವರ್‌ಗೆ ಕೈ ಚಾಚಿದರೆ 'ಹ್ಯಾಂಡ್‌ಶೇಕ್ ಫೇಲ್ಯೂರ್' ಎಂದು ಬರುತ್ತಿತ್ತು. ಅದನ್ನು ನೋಡಿದ ಯಾರಿಗೆ ಮಾಡ್ಯೂಲ್ ನೆನಪಾಗುತ್ತದೆ? ನೆಟ್ ಸರಿ ಇಲ್ಲ ಅಂತಾರೆ. ನಮ್ಮ ಕಡೆ ನೆಟ್ ನಿಜಕ್ಕೂ ಸರಿ ಇರುವುದಿಲ್ಲ, ಆದ್ದರಿಂದ ಎಲ್ಲರೂ ನಂಬುತ್ತಾರೆ. 22ರಿಂದ ಆ ಭಾಗವನ್ನು ಮೂಲ ಮಾಡ್ಯೂಲ್‌ಗೇ ಸೇರಿಸಿದ್ದಾರೆ, ಒಳ್ಳೆಯದಾಯಿತು. ಕನ್ನಡವನ್ನು ಹಾಗೆ ಸೇರಿಸುವುದಿಲ್ಲ, ಸೇರಿಸಬೇಕೆಂದು ನಾನೂ ಕೇಳುವುದಿಲ್ಲ. ಎಲ್ಲ ಭಾಷೆಗಳನ್ನೂ ಮೂಲದಲ್ಲಿ ತುಂಬಿದರೆ ಒಡೆದದ್ದೇ ವ್ಯರ್ಥ.

ಸರಿಪಡಿಸುವುದು ಕಷ್ಟವೇನಲ್ಲ. ಜೆಲಿಂಕ್‌ಗೆ ಕೊಡುವ ಪಟ್ಟಿಯಲ್ಲಿ ಲೋಕೇಲ್‌ಡೇಟಾ ಹೆಸರನ್ನು ಕೈಯಾರೆ ಬರೆಯಬೇಕು. ಗಾತ್ರ ಜಾಸ್ತಿಯಾಗುತ್ತದೆ ಎನ್ನುವವರಿಗೆ ಯಾವ ಭಾಷೆಗಳು ಮಾತ್ರ ಸಾಕು ಎಂದು ಹೇಳುವ 'ಇನ್‌ಕ್ಲೂಡ್ ಲೋಕೇಲ್ಸ್' ಎಂಬ ಆಯ್ಕೆಯೂ ಇದೆ. ತಮಾಷೆಯೆಂದರೆ, ಜೆಲಿಂಕ್‌ನ ಸ್ವಂತ ಸಹಾಯ ಪುಟದಲ್ಲಿ ಈ ಆಯ್ಕೆಗೆ ಕೊಟ್ಟಿರುವ ಉದಾಹರಣೆ ಇಂಗ್ಲಿಷ್, ಜಪಾನಿ, ಮತ್ತು ಭಾರತದ ಎಲ್ಲ ಭಾಷೆಗಳು ಎಂದಿದೆ. ನಮ್ಮ ಭಾಷೆಗಳನ್ನು ಹೇಗೆ ಸೇರಿಸಬೇಕು ಎಂದು ಅಲ್ಲೇ ಬರೆದಿಟ್ಟಿದ್ದಾರೆ. ಓದುವವರು ಬೇಕು, ಅಷ್ಟೇ. ಓಡುವಾಗ ಹುಡುಕುವ ಮಾಡ್ಯೂಲ್‌ಗಳು ಯಾವುವು ಎಂದು 'ಸಜೆಸ್ಟ್ ಪ್ರೊವೈಡರ್ಸ್' ಎಂಬ ಆಯ್ಕೆ ಕೊಟ್ಟು ಜೆಲಿಂಕನ್ನೇ ಕೇಳಬಹುದು. ಅಂಥವನ್ನೆಲ್ಲ ಒಟ್ಟಿಗೆ ಬಾಚಿ ತರುವ 'ಬೈಂಡ್ ಸರ್ವಿಸಸ್' ಕೂಡ ಇದೆ, ಆದರೆ ಅದರಿಂದ ಸಣ್ಣ ಜಾವಾ ಮತ್ತೆ ದೊಡ್ಡದಾಗುತ್ತದೆ.

ಇಷ್ಟೆಲ್ಲ ಇದ್ದರೂ ಜನ ಬಳಸುವುದು ಮಾತ್ರ ಬೇರೆಯದನ್ನು. ಜೆಡೆಪ್ಸ್‌ಗೆ ಒಂದು ಜಾರ್ ಸಿಗದಿದ್ದರೆ ಅದು ಪಟ್ಟಿ ಕೊಡದೆ ನಿಲ್ಲುತ್ತದೆ, ಕಾಣೆಯಾದದ್ದರ ಹೆಸರು ಹೇಳುತ್ತದೆ. ಆಗ ಎಲ್ಲರೂ ಅಂತರ್ಜಾಲದಿಂದ ಒಂದು ಸಾಲು ಎತ್ತಿ ಅಂಟಿಸುತ್ತಾರೆ: ಕಾಣೆಯಾದದ್ದನ್ನು ಕಡೆಗಣಿಸು ಎಂಬ ಆಯ್ಕೆ. ಕಿರುಚುತ್ತಿದ್ದದ್ದರ ಬಾಯಿಗೂ ಬಟ್ಟೆ ತುರುಕಿದ ಹಾಗಾಯಿತು. ನಾನಾದರೆ ಉಲ್ಟಾ ಮಾಡುತ್ತೇನೆ. ನಾನು ಕಟ್ಟಿಕೊಡುವ ಪ್ರೋಗ್ರಾಂ ಶುರುವಾಗುವಾಗಲೇ ಒಂದು ತಾರೀಖನ್ನು ಕನ್ನಡದಲ್ಲಿ ಬರೆದು ನೋಡುತ್ತದೆ. 'ಸೋಮವಾರ' ಎಂದು ಬರಲಿಲ್ಲವೋ, ಲೋಕೇಲ್‌ಡೇಟಾ ಇಲ್ಲ ಎಂದು ಹೇಳಿ ಅಲ್ಲೇ ನಿಲ್ಲುತ್ತದೆ. ಕೌಂಟರ್‌ನವರು ಆ ದಿನ ನನಗೆ ಬೈದು ಫೋನ್ ಮಾಡುತ್ತಾರೆ. ಸುಮ್ನೆ ಇಂಗ್ಲಿಷ್‌ನಲ್ಲಿ ತಿಂಗಳುಗಟ್ಟಲೆ ರಸೀದಿ ಕೊಡುವುದಕ್ಕಿಂತ ಅದು ವಾಸಿ ಅಲ್ವಾ?

ಇನ್ನು ಕೆಲವರು ಇಷ್ಟೆಲ್ಲ ಯಾಕೆ, ಪೂರ್ತಿ ಜೆಡಿಕೆಯನ್ನೇ ಹಾಕಿಬಿಡಿ ಎನ್ನುತ್ತಾರೆ. ಒಂದು ಕೌಂಟರ್, ಒಂದು ಕಂಪ್ಯೂಟರ್ ಇರುವ ಸಂಘಕ್ಕೆ ನಾನೂ ಅದನ್ನೇ ಹೇಳುತ್ತೇನೆ. ಉಳಿಯುವ ಇನ್ನೂರು ಮುನ್ನೂರು ಎಂಬಿಗಾಗಿ ತಲೆ ಕೆಡಿಸಿಕೊಳ್ಳಬಾರದು. ಆದರೆ ತಾಲ್ಲೂಕಿನ ಹತ್ತಾರು ಶಾಖೆಗಳಿಗೆ ನಮ್ಮ ನೆಟ್‌ನಲ್ಲಿ ಪ್ರತಿ ಸಲ ಅಷ್ಟು ದೊಡ್ಡದನ್ನು ಕಳಿಸಿ ನೋಡಿ, ಆಮೇಲೆ ಮಾತಾಡೋಣ.

ಸಂಘಗಳ ಆಡಳಿತ ಮಂಡಳಿಯವರೂ ನಿಮ್ಮ ಪತ್ರಿಕೆ ಓದುತ್ತಾರೆ. ಅವರಿಗೆ ಒಂದು ಮಾತು. ಸಾಫ್ಟ್‌ವೇರ್ ಒಪ್ಪಿಸಿಕೊಳ್ಳುವಾಗ ಕೊಡುವವರ ಲ್ಯಾಪ್‌ಟಾಪ್‌ನಲ್ಲಿ ತೋರಿಸಿದ್ದನ್ನು ನೋಡಿ ಸಹಿ ಮಾಡಬೇಡಿ. ನಿಮ್ಮ ಕೌಂಟರ್‌ನ ಕಂಪ್ಯೂಟರ್‌ನಲ್ಲಿ, ಅವರು ಹಾಕಿದ ಜಾವಾದಲ್ಲೇ, ನಿಮ್ಮ ಗುಮಾಸ್ತರ ಕೈಯಿಂದ ಒಂದು ರಸೀದಿ ಹೊರಡಿಸಿ ನೋಡಿ. ಮೂಲ ಕೋಡ್ ಕೊಟ್ಟಿದ್ದೇವೆ ಎಂದು ಪೆನ್‌ಡ್ರೈವ್ ಕೊಟ್ಟರೆ, ಅದರಿಂದ ಮತ್ತೆ ಬಿಲ್ಡ್ ಮಾಡಿ ತೋರಿಸಿ ಅನ್ನಿ. ಒಂದು ಸಂಘದ ಪೆನ್‌ಡ್ರೈವ್ ನನ್ನ ಕೈಗೆ ಬಂದಾಗ ಕೋಡ್ ಎಲ್ಲ ಇತ್ತು, ಎರಡು ಜಾರ್ ಮಾತ್ರ ಸಿಗಲಿಲ್ಲ. ಅವು ಇದ್ದದ್ದು ಆ ಕಂಪನಿಯ ಸ್ವಂತ ರೆಪಾಸಿಟರಿಯಲ್ಲಿ, ಅಂದರೆ ಜಾರ್‌ಗಳ ಉಗ್ರಾಣದಲ್ಲಿ, ಕಂಪನಿ ಬಾಗಿಲು ಹಾಕಿತ್ತು. ಬಿಲ್ಡ್ ಆಗದ ಕೋಡ್ ಬರೀ ಓದುವುದಕ್ಕೆ ಮಾತ್ರ.

ಹೊರಗಿನ ರೆಪಾಸಿಟರಿಗಳೂ ಶಾಶ್ವತವಲ್ಲ. ಜೆಸೆಂಟರ್ ಎಂಬ ರೆಪಾಸಿಟರಿಯನ್ನು ನಿಲ್ಲಿಸುತ್ತೇವೆ ಎಂದು 2021ರ ಫೆಬ್ರವರಿಯಲ್ಲಿ ಹೇಳಿದಾಗ ಎಷ್ಟೋ ಬಿಲ್ಡ್ ಫೈಲ್‌ಗಳನ್ನು ತಿದ್ದಬೇಕಾಯಿತು. ಅದಕ್ಕೂ ಮೊದಲು 2020ರ ಜನವರಿ 15ರಿಂದ ಮೇವನ್ ಸೆಂಟ್ರಲ್ ಎಂಬ ಇನ್ನೊಂದು ರೆಪಾಸಿಟರಿ ಹಳೆಯ ಎಚ್‌ಟಿಟಿಪಿ ವಿಳಾಸಕ್ಕೆ ಜಾರ್ ಕೊಡುವುದನ್ನು ನಿಲ್ಲಿಸಿತ್ತು. ಕೋಡ್‌ನ ಒಂದಕ್ಷರ ಬದಲಾಗದಿದ್ದರೂ ನಿನ್ನೆ ಆದ ಬಿಲ್ಡ್ ಇವತ್ತು ಆಗದು. 'ಗೋ ಆಫ್‌ಲೈನ್' ಎಂಬ ಮೇವನ್ ಆದೇಶ ಓಡಿಸಿ ಬೇಕಾದ ಜಾರ್‌ಗಳನ್ನು ಒಂದು ಡಿಸ್ಕ್‌ನಲ್ಲಿ ತೆಗೆದಿಟ್ಟುಕೊಳ್ಳುವುದು, ನಂತರ ನೆಟ್ ಕಿತ್ತು ಒಮ್ಮೆ ಬಿಲ್ಡ್ ಮಾಡಿ ನೋಡುವುದು, ನಮ್ಮಂಥ ಕರೆಂಟು ಹೋಗಿ ಬರುವ ಊರಿನವರಿಗೆ ಒಳ್ಳೆಯ ಅಭ್ಯಾಸ. ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿರುವುದಿಲ್ಲ. ಲ್ಯಾಬ್‌ನಲ್ಲಿ ಒಂದೇ ಫೈಲ್ ಬರೆದು, ಅದೇ ಯಂತ್ರದಲ್ಲಿ ಓಡಿಸಿ, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬಂದಿರುತ್ತಾರೆ.

ಕೊನೆಗೆ, ಆ ಪತ್ರ ಬರೆದ ಓದುಗರಿಗೆ. ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ, ಆ ಸಾಫ್ಟ್‌ವೇರ್ ಜೊತೆ ಬಂದಿರುವ ಜಾವಾದ ಫೋಲ್ಡರ್ ತೆರೆಸಿ. ಅಲ್ಲಿ 'ರಿಲೀಸ್' ಎಂಬ ಸಣ್ಣ ಫೈಲ್ ಇರುತ್ತದೆ, ನೋಟ್‌ಪ್ಯಾಡ್‌ನಲ್ಲೇ ತೆರೆಯುತ್ತದೆ. ಅದರಲ್ಲಿ 'ಮಾಡ್ಯೂಲ್ಸ್' ಎಂದು ಶುರುವಾಗುವ ಸಾಲಿನಲ್ಲಿ ಆ ಜಾವಾದೊಳಗೆ ಏನೇನಿದೆ ಎಂದು ಬರೆದಿರುತ್ತದೆ. ಲೋಕೇಲ್‌ಡೇಟಾ ಎಂಬ ಹೆಸರು ಅಲ್ಲಿ ಇಲ್ಲದಿದ್ದರೆ ಆ ಸಾಲಿನ ಫೋಟೋ ತೆಗೆದು ಸಾಫ್ಟ್‌ವೇರ್ ಕೊಟ್ಟವರಿಗೆ ಕಳಿಸಿ, ಅದನ್ನು ಸೇರಿಸಿ ಹೊಸದಾಗಿ ಕಟ್ಟಿ ಕೊಡಲು ಹೇಳಿ. ಹೆಸರು ಅಲ್ಲಿದ್ದರೆ, ಯಾವ ಭಾಷೆಗಳನ್ನು ಉಳಿಸಿಕೊಂಡಿದ್ದೀರಿ ಎಂದೂ ಕೇಳಿ. ಕನ್ನಡವೂ ಇದೆ, ಆದರೂ ತಿಂಗಳು ಇಂಗ್ಲಿಷ್‌ನಲ್ಲೇ ಬರುತ್ತಿದೆ ಎಂದಾದರೆ ನಿಮ್ಮ ಅನುಮಾನವೇ ಸರಿ ಇರಬಹುದು. ಆಗ ಜಗಳ ಆಡಿ, ನಾನೂ ಜೊತೆಗೆ ಬರುತ್ತೇನೆ.

– ಜಾವಾ ಕೆಲಸದ ಓದುಗಳೊಬ್ಬಳು, ಸಾಗರ, ಶಿವಮೊಗ್ಗ ಜಿಲ್ಲೆ